ತೆರೆಯ ಮೇಲಿನ ಸೀರೆ, ಕೈಗೆ ಬಂದ ಸೀರೆ

ಬಟ್ಟೆಯ ಅಂಗಡಿಗೆ ಹೋದ ಗಿರಾಕಿಯು ಸೀರೆಯ ಮಡಿಕೆಯನ್ನು ಬಿಡಿಸಿ, ಅದನ್ನು ಬಾಗಿಲವರೆಗೆ ಒಯ್ದು, ಹಗಲು ಬೆಳಕಿನಲ್ಲಿ ಹಿಡಿದು ನೋಡಿ, ಆ ಬಳಿಕವೇ ಬೆಲೆಯ ಮಾತನ್ನೆತ್ತುವುದು ನಮ್ಮಲ್ಲಿ ಬಹುಕಾಲದಿಂದ ಬಂದ ವಾಡಿಕೆ. ಅಂಗಡಿಯೊಳಗಿನ ದೀಪವನ್ನು ನಂಬಬಾರದೆಂಬ ವಿವೇಕವನ್ನು ಯಾವ ಭೌತವಿಜ್ಞಾನದ ಪುಸ್ತಕವೂ ಅವರಿಗೆ ಕಲಿಸಿದುದಲ್ಲ. ಒಮ್ಮೆ ಮೋಸಹೋದವರು ಮನೆಯವರಿಗೆಲ್ಲ ಹೇಳಿಕೊಟ್ಟ ಪಾಠ ಅದು. ಈಗ ಅಂಗಡಿಯೇ ಮೊಬೈಲಿನ ತೆರೆಯೊಳಕ್ಕೆ ಬಂದು ಕುಳಿತಿದೆ. ಮಾರುವವರು ತಮ್ಮ ನಡುಮನೆಯಲ್ಲಿ ಕ್ಯಾಮರಾದ ಮುಂದೆ ನಿಂತು ಒಂದೊಂದಾಗಿ ಸೀರೆಗಳನ್ನು ಬಿಚ್ಚಿ ತೋರಿಸುತ್ತಾರೆ. ನೂರಾರು ಮೈಲಿ ದೂರದಲ್ಲಿರುವವರು ಅದೇ ಕ್ಷಣದಲ್ಲೆಂಬಂತೆ ನೋಡುತ್ತಾರೆ, ಬೆಲೆ ಕೇಳುತ್ತಾರೆ, 'ನನಗೆ ಬೇಕು' ಎಂದು ಬರೆಯುತ್ತಾರೆ. ಬಾಗಿಲ ಬೆಳಕಿಗೆ ಒಯ್ಯುವ ಅವಕಾಶ ಮಾತ್ರ ಇಲ್ಲ.

ಈ ಬಗೆಯ ವ್ಯಾಪಾರ ತೀರ ಹೊಸದೇನೂ ಅಲ್ಲ. ಅಮೆರಿಕದ ಫ್ಲಾರಿಡಾ ಪ್ರಾಂತದ ಒಂದು ಬಾನುಲಿ ಕೇಂದ್ರಕ್ಕೆ 1977ರಲ್ಲಿ ಜಾಹೀರಾತುದಾರನೊಬ್ಬನು ಹಣ ಕೊಡಲಾರದೆ, ಅದರ ಬದಲು ಡಬ್ಬಿಗಳನ್ನು ತೆರೆಯುವ 112 ಉಪಕರಣಗಳನ್ನು ಒಪ್ಪಿಸಿದನು. ಕೇಂದ್ರದವರು ಅವನ್ನು ಬಾನುಲಿಯಲ್ಲೇ ಕೂಗಿ ಮಾರಿದರು. 1982ರ ಹೊತ್ತಿಗೆ ಅಲ್ಲಿ ಟೆಲಿವಿಷನ್ನಿನ ಮಾರಾಟವೂ ಪ್ರಾರಂಭವಾಯಿತು. ಚೀನದಲ್ಲಿ 2016ರಲ್ಲಿ ತೊಡಗಿದ ತಾವೊಬಾವೊ ನೇರ ಪ್ರಸಾರವು ಇದನ್ನೊಂದು ಮಹೋದ್ಯಮವನ್ನಾಗಿಸಿತು. ಎಲ್ಲೆಡೆಯಲ್ಲಿಯೂ ಅದು ಹಾಗೆಯೇ ಬೆಳೆಯಿತೆಂದಲ್ಲ. ಫೇಸ್‌ಬುಕ್ ಸಂಸ್ಥೆಯು ಮಾರಾಟಕ್ಕೆಂದೇ ಏರ್ಪಡಿಸಿದ್ದ ನೇರ ಪ್ರಸಾರದ ಸೌಕರ್ಯವನ್ನು 2022ರ ಅಕ್ಟೋಬರ್ 1ರಿಂದ ನಿಲ್ಲಿಸಿಬಿಟ್ಟಿತು. ಆದರೂ ಸಾಧಾರಣ ನೇರ ಪ್ರಸಾರ ಇದ್ದೇ ಇದೆ. ನಮ್ಮ ಸಣ್ಣ ವ್ಯಾಪಾರಸ್ಥರಿಗೆ ಅಷ್ಟೇ ಸಾಕಾಗಿದೆ.

ಇದರಲ್ಲಿ ವಿದ್ಯಾರ್ಥಿಗಳಿಗೆ ಏನು ಸಂಬಂಧವೆಂದು ವಾಚಕರು ಕೇಳಬಹುದು. ಚಿಕ್ಕಮ್ಮನೋ ಅತ್ತೆಯೋ ಮನೆಯಿಂದ ಸೀರೆ ವ್ಯಾಪಾರ ಮಾಡಹೊರಟಾಗ, 'ಈ ಕಂಪ್ಯೂಟರಿನ ಕೆಲಸ ಸ್ವಲ್ಪ ನೋಡಿಕೊಡಪ್ಪ' ಎಂದು ಕರೆ ಬರುವುದು ಕಾಲೇಜಿಗೆ ಹೋಗುವ ಹುಡುಗನಿಗೆ, ಇಲ್ಲವೆ ಹುಡುಗಿಗೆ. ಅಂಥವರು ಇದನ್ನು ಬರಿಯ ಗುಂಡಿ ಒತ್ತುವ ಕೆಲಸವೆಂದು ಭಾವಿಸುವುದುಂಟು. ನಮ್ಮ ಅಭಿಪ್ರಾಯ ಬೇರೆ. ಮಾರುವವರು ಬಾಯಿ ತೆರೆಯುವ ಮೊದಲೇ, ಪ್ರಸಾರದ ತಂತ್ರಾಂಶವನ್ನು ಅಳವಡಿಸಿದವನು ಗಿರಾಕಿಗೆ ಏನು ಕಾಣಬೇಕು, ಏನು ಕಾಣಬಾರದು ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸಿರುತ್ತಾನೆ. ಆದುದರಿಂದ ಅವನು ಆ ವ್ಯಾಪಾರದಲ್ಲಿ ಪಾಲುದಾರನೇ ಸರಿ.

ಇಂಥ ತಂತ್ರಾಂಶಗಳಲ್ಲಿ ಓ.ಬಿ.ಎಸ್. ಸ್ಟುಡಿಯೊ ಎಂಬುದು ಬಹು ಪ್ರಚಾರದಲ್ಲಿದೆ. ಹ್ಯೂ ಬೈಲಿ ಎಂಬಾತನು ಪ್ರಾರಂಭಿಸಿದ ಇದು 2012ರಲ್ಲಿ ಹೊರಬಂದಿತು. ಗಣಕದ ಆಟಗಳನ್ನು ಪ್ರಸಾರ ಮಾಡುವವರು ಇದನ್ನು ಮೊದಮೊದಲು ಬಳಸಿದರು. ಇದಕ್ಕೆ ಬೆಲೆಯಿಲ್ಲ; ಇದರ ಒಳರಚನೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಕ್ಯಾಮರಾ, ಧ್ವನಿಗ್ರಾಹಕ, ಬೆಲೆ ಬರೆದ ಫಲಕದ ಚಿತ್ರ ಇವೆಲ್ಲ ಅದರ ಭಾಷೆಯಲ್ಲಿ 'ಮೂಲಗಳು'. ಹಲವು ಮೂಲಗಳನ್ನು ಒಂದರ ಮೇಲೊಂದು ಹೊಂದಿಸಿದರೆ 'ದೃಶ್ಯ'ವಾಗುತ್ತದೆ. ಮಾರುವವರ ಮುಖ ಕಾಣುವುದೊಂದು ದೃಶ್ಯ, ಸೆರಗಿನ ಕುಸುರಿಯನ್ನು ಹತ್ತಿರದಿಂದ ತೋರಿಸುವುದಿನ್ನೊಂದು, ಎರಡೇ ಸಾಕು. ಹತ್ತು ದೃಶ್ಯಗಳನ್ನು ಕಟ್ಟಿ, ಮಿನುಗುವ ಅಕ್ಷರಗಳನ್ನು ತೆರೆಯ ತುಂಬ ಕುಣಿಸುವವರೂ ಇದ್ದಾರೆ. ಅದು ನಮಗೆ ರುಚಿಸದು.

ಈಗ ಸ್ವಲ್ಪ ಲೆಕ್ಕಕ್ಕೆ ಬರೋಣ. 1280 ಬಿಂದು ಅಗಲ, 720 ಬಿಂದು ಎತ್ತರದ ಚಿತ್ರದಲ್ಲಿ ಒಟ್ಟು 9,21,600 ಬಿಂದುಗಳು. ಪ್ರತಿಯೊಂದರ ಬಣ್ಣಕ್ಕೆ 24 ಬಿಟ್‌ಗಳು, ಸೆಕೆಂಡಿಗೆ 30 ಚಿತ್ರಗಳು ಎಂದು ಹಿಡಿದರೆ, ಸೆಕೆಂಡೊಂದಕ್ಕೆ ಸುಮಾರು 66 ಕೋಟಿ ಬಿಟ್‌ಗಳಾಗುತ್ತವೆ. ಮನೆಯ ಅಂತರಜಾಲದ ತಂತಿಯಲ್ಲಿ ಹೊರಕ್ಕೆ ಕಳುಹಿಸುವುದು ಸಾಮಾನ್ಯವಾಗಿ 25 ಲಕ್ಷ ಬಿಟ್‌ಗಳ ಆಸುಪಾಸು. ಎಂದರೆ 265 ಪಾಲಿನಲ್ಲಿ ಒಂದು ಪಾಲು ಮಾತ್ರ ಗಿರಾಕಿಯತ್ತ ಹೊರಡುತ್ತದೆ. ಉಳಿದ 264 ಪಾಲು ಏನಾಯಿತು?

ಅದನ್ನು ಕೈಬಿಡುವ ವಿದ್ಯೆಯೇ ಸಂಕೋಚನ. 2003ರಲ್ಲಿ ಅಂಗೀಕೃತವಾದ ಎಚ್.264 ಎಂಬ ಪದ್ಧತಿ ಇಂದಿಗೂ ಬಹಳ ಬಳಕೆಯಲ್ಲಿದೆ. ಅದರಲ್ಲಿ ಸುಮಾರು ಎರಡು ಸೆಕೆಂಡಿಗೊಮ್ಮೆ ಒಂದು ಪೂರ್ಣ ಚಿತ್ರವನ್ನು ಕಳುಹಿಸುತ್ತಾರೆ. ನಡುವಿನ ಚಿತ್ರಗಳಲ್ಲಿ ಬದಲಾದ ಭಾಗಗಳ ವಿವರ ಮಾತ್ರ ಹೋಗುತ್ತದೆ. ಹಿಂದಿನ ಗೋಡೆ ಬದಲಾಗಲಿಲ್ಲವೇ? 'ಮೊದಲಿನಂತೆಯೇ' ಎಂದಷ್ಟೇ ತಿಳಿಸಿದರೆ ಮುಗಿಯಿತು. ಹೀಗಿರುವಲ್ಲಿ, ಮಾರುವವರು ಸಣ್ಣ ಹೂವಿನ ಚಿತ್ತಾರವುಳ್ಳ ಸೀರೆಯನ್ನು ಗಾಳಿಯಲ್ಲಿ ಕೊಡವಿದರೆ ಏನಾಗುತ್ತದೆಂಬುದನ್ನು ಊಹಿಸಬಹುದು. ತೆರೆಯ ಪ್ರತಿ ಬಿಂದುವೂ ಬದಲಾಗುತ್ತದೆ. ಗೊತ್ತುಪಡಿಸಿದ ಬಿಟ್‌ಗಳು ಸಾಲದೆ ಹೋಗುತ್ತವೆ. ಹೂಗಳೆಲ್ಲ ಚೌಕ ಚೌಕವಾಗಿ ಒಡೆದುಹೋಗುತ್ತವೆ. ಇದಕ್ಕೆ ಹೆಚ್ಚು ಬೆಲೆಯ ಕ್ಯಾಮರಾ ತರುವುದು ಪರಿಹಾರವಲ್ಲ. ಹಿಂದೆ ಒಂದೇ ಬಣ್ಣದ ಪರದೆಯನ್ನು ಬಿಗಿಯಾಗಿ ಕಟ್ಟಬೇಕು. ಸೀರೆಯನ್ನು ಹರಡಿದ ಮೇಲೆ ಮೂರು ನಾಲ್ಕು ಸೆಕೆಂಡು ಅಲುಗಿಸದೆ ಹಿಡಿಯಬೇಕು. ನೇಯ್ಗೆ ತಾನಾಗಿ ಸ್ಪಷ್ಟವಾಗುತ್ತದೆ. ಫ್ಯಾನಿನ ಗಾಳಿಗೆ ಓಲಾಡುವ ಹೂವಿನ ಪರದೆಯನ್ನು ಹಿಂದೆ ಇಟ್ಟುಕೊಂಡವರು ಸೀರೆಗೆ ಸೇರಬೇಕಾದ ಬಿಟ್‌ಗಳನ್ನು ಪರದೆಗೆ ಉಣಿಸುತ್ತಿರುತ್ತಾರೆ.

ಬಣ್ಣದ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಮಾತೊಂದುಂಟು. ನಮ್ಮ ಕಣ್ಣು ಬೆಳಕು-ನೆರಳಿನ ಭೇದವನ್ನು ಗುರುತಿಸುವಷ್ಟು ಚುರುಕಾಗಿ ಬಣ್ಣದ ಭೇದವನ್ನು ಗುರುತಿಸಲಾರದು. ಈ ದೌರ್ಬಲ್ಯವನ್ನು ಬಳಸಿಕೊಂಡು, ಪ್ರಸಾರದಲ್ಲಿ ನಾಲ್ಕು ಬಿಂದುಗಳ ಉಜ್ಜ್ವಲತೆಯನ್ನು ಬೇರೆ ಬೇರೆಯಾಗಿ ಕಳುಹಿಸಿ, ಆ ನಾಲ್ಕಕ್ಕೂ ಸೇರಿ ಒಂದೇ ಬಣ್ಣದ ಅಳತೆಯನ್ನು ಕಳುಹಿಸುತ್ತಾರೆ. ಅರ್ಧದಷ್ಟು ಬಿಟ್‌ಗಳು ಅಲ್ಲಿಯೇ ಉಳಿಯುತ್ತವೆ. ಮುಖ, ಮರ, ಮುಗಿಲುಗಳಿಗೆ ಇದರಿಂದ ತೊಂದರೆಯಿಲ್ಲ. ಆದರೆ ಇಳಕಲ್ಲ ಸೀರೆಯ ಕೆಂಪು ಅಂಚಿನ ನವಿರಾದ ಗೆರೆಗಳೋ, ಕಸೂತಿಯ ಎಳೆಗಳೋ ಆದರೆ ಬಣ್ಣವು ಪಕ್ಕದ ಬಿಂದುಗಳಿಗೆ ಹರಡಿ ಮಸಕಾಗುತ್ತದೆ. ದೂರದಿಂದ ತೋರಿಸಿ 'ಕೆಲಸ ನೋಡಿ' ಎನ್ನುವುದು ವ್ಯರ್ಥ. ಹತ್ತಿರದ ದೃಶ್ಯ ಬೇಕೆಂದು ಮೇಲೆ ಹೇಳಿದುದು ಈ ಕಾರಣದಿಂದಲೇ.

ಇನ್ನು ಕ್ಯಾಮರಾದ ಸ್ವಭಾವ. ಹಳೆಯ ಬಗೆಯ ತಂತಿಯ ದೀಪದ ಬೆಳಕು ಕೆಂಪಿನತ್ತ ವಾಲುತ್ತದೆ, ಹಗಲು ಬೆಳಕು ನೀಲಿಯತ್ತ. ಬೆಳಕು ಯಾವುದೇ ಇರಲಿ, ಬಿಳಿಯ ವಸ್ತು ಬಿಳಿಯಾಗಿಯೇ ಕಾಣುವಂತೆ ಕ್ಯಾಮರಾ ತಾನೇ ಸರಿಪಡಿಸಿಕೊಳ್ಳಲು ಯತ್ನಿಸುತ್ತದೆ. ಈಗ ಕಡುಗೆಂಪು ಸೀರೆಯೊಂದು ಚಿತ್ರದ ತುಂಬ ಬಂದಿತೆನ್ನೋಣ. ಬೆಳಕೇ ಕೆಂಪಾಯಿತೆಂದು ಕ್ಯಾಮರಾ ಭ್ರಮಿಸಿ ಕೆಂಪನ್ನು ತಗ್ಗಿಸುತ್ತದೆ. ಮಾರುವವರ ಮುಖ ನೀಲಿಗಟ್ಟುತ್ತದೆ, ಸೀರೆ ಬೇರೆಯೇ ಬಣ್ಣಕ್ಕೆ ತಿರುಗುತ್ತದೆ. ಯಾರೂ ಮೋಸ ಮಾಡಲಿಲ್ಲ, ಆದರೂ ಗಿರಾಕಿಗೆ ಸುಳ್ಳು ಕಂಡಿತು. ಆದುದರಿಂದ ಒಂದೇ ಬಗೆಯ ದೀಪಗಳನ್ನು ಹೊತ್ತಿಸಿ, ಬಿಳಿಯ ಕಾಗದವೊಂದನ್ನು ಕ್ಯಾಮರಾದ ಮುಂದೆ ಹಿಡಿದು, ಅದು ಬಿಳಿಯಾಗಿ ಕಂಡ ಕೂಡಲೇ ತಾನಾಗಿ ತಿದ್ದಿಕೊಳ್ಳುವ ಆ ಏರ್ಪಾಟನ್ನು ನಿಲ್ಲಿಸಿಬಿಡತಕ್ಕದ್ದು. ಪ್ರಸಾರದ ನಡುವೆ ಆ ಕಾಗದವನ್ನು ಸೀರೆಯ ಪಕ್ಕದಲ್ಲಿ ಆಗಾಗ ತೋರಿಸಿದರೆ, ನೋಡುವವರಿಗೂ ಒಂದು ಅಳತೆಗೋಲು ಸಿಕ್ಕಿದಂತಾಗುತ್ತದೆ. ಬಾಗಿಲ ಬೆಳಕಿಗೆ ಅದು ಸಮವಲ್ಲ, ನಿಜ. ನೋಡುವವರ ಮೊಬೈಲುಗಳೂ ಒಂದೊಂದು ಬಗೆಯಾಗಿ ಬಣ್ಣ ತೋರುತ್ತವೆ. ಅಷ್ಟರ ಮಟ್ಟಿಗೆ ಯಾರೂ ಹೊಣೆಯಲ್ಲ.

ಆದರೆ ಓ.ಬಿ.ಎಸ್.ನಲ್ಲಿ ಬಣ್ಣ ತಿದ್ದುವ ಶೋಧಕವೊಂದಿದೆ. ಅದರಲ್ಲಿ ಬಣ್ಣದ ಗಾಢತೆಯನ್ನು ಏರಿಸುವ ಜಾರುಪಟ್ಟಿಯುಂಟು. ಸ್ವಲ್ಪ ಏರಿಸಿದರೆ ಮಾಸಲು ಹಳದಿ ಅರಿಶಿನವಾಗುತ್ತದೆ, ಸಾದಾ ನೂಲಿಗೆ ರೇಷ್ಮೆಯ ಕಳೆ ಬರುತ್ತದೆ. 'ಎಲ್ಲರೂ ಹಾಗೆಯೇ ಮಾಡುತ್ತಾರೆ' ಎಂಬ ಮಾತು ಇಲ್ಲಿ ಕೇಳಿಬರುವುದು ಖಂಡಿತ. ದೋಷವನ್ನು ಸರಿಪಡಿಸಲು ಕೊಟ್ಟ ಉಪಕರಣವನ್ನು ದೋಷವನ್ನು ಮುಚ್ಚಲು ಬಳಸುವುದಕ್ಕೂ, ತಕ್ಕಡಿಯ ತಳಕ್ಕೆ ಹುಣಸೆಹಣ್ಣು ಅಂಟಿಸುವುದಕ್ಕೂ ನಮಗೆ ವ್ಯತ್ಯಾಸ ಕಾಣುವುದಿಲ್ಲ. ಸರಿಪಡಿಸಿದ ಬಳಿಕ ಚಿತ್ರವನ್ನು ಎದುರಿಗಿರುವ ಸೀರೆಯೊಡನೆ ಹೋಲಿಸಿ ನೋಡಬೇಕು. ಗಿರಾಕಿಗೆ ಇಷ್ಟವಾಗುವ ಸೀರೆಯೊಡನೆ ಅಲ್ಲ.

ಪ್ರಸಾರದಲ್ಲಿ ಕಪ್ಪು ಪಟ್ಟೆಗಳು ಮೇಲಿಂದ ಕೆಳಕ್ಕೆ ಹರಿಯುವುದನ್ನು ಕೆಲವರು ಕಂಡಿರಬಹುದು. ನಮ್ಮ ದೇಶದ ವಿದ್ಯುತ್ ಪ್ರವಾಹವು ಸೆಕೆಂಡಿಗೆ 50 ಆವರ್ತಗಳದು. ಆವರ್ತಕ್ಕೆರಡು ಬಾರಿಯಂತೆ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಕ್ಯಾಮರಾ ಅಮೆರಿಕದ 60ರ ಎಣಿಕೆಗೆ ಹೊಂದಿಕೊಂಡಿದ್ದರೆ ತಾಳ ತಪ್ಪುತ್ತದೆ. ಕ್ಯಾಮರಾದ ಏರ್ಪಾಟಿನಲ್ಲಿ 60ನ್ನು 50 ಮಾಡಿದರೆ ಸರಿಹೋಗುವ ಈ ಕಾಯಿಲೆಗೆ ಹೊಸ ಕ್ಯಾಮರಾ ಕೊಳ್ಳಬೇಕಾಗಿಲ್ಲ.

ಧ್ವನಿಗೆ ಸಂಬಂಧಿಸಿದಂತೆ ಹೆಚ್ಚು ಹೇಳಬೇಕಾದುದಿಲ್ಲ: ತಂತ್ರಾಂಶದ ಧ್ವನಿಮಾಪಕದಲ್ಲಿ ಮಾತು ಹಳದಿ ಭಾಗದಲ್ಲಿರಲಿ, ಕೆಂಪಿಗೆ ಏರದಿರಲಿ. ಅಂತರಜಾಲದ ವೇಗವನ್ನು ಅಳೆಯುವಾಗ ಒಳಕ್ಕೆ ಬರುವ ವೇಗವನ್ನಲ್ಲ, ಹೊರಕ್ಕೆ ಹೋಗುವ ವೇಗವನ್ನು ನೋಡಿ, ಅದರ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಪ್ರಸಾರಕ್ಕೆ ಗೊತ್ತುಪಡಿಸಬಾರದು. ಸಾಧ್ಯವಾದರೆ ತಂತಿಯಿಂದಲೇ ಜೋಡಿಸುವುದು ಮೇಲು.

ಹೊರಟ ಚಿತ್ರ ನೇರವಾಗಿ ಗಿರಾಕಿಯನ್ನು ಸೇರುವುದಿಲ್ಲ. ಮೊದಲು ಅದು ಪ್ರಸಾರ ಸಂಸ್ಥೆಯ ಗಣಕಕ್ಕೆ ಹೋಗಿ, ಅಲ್ಲಿ ಹಲವು ಗಾತ್ರಗಳಿಗೆ ಮಾರ್ಪಟ್ಟು, ಚೂರು ಚೂರಾಗಿ ಹಂಚಿಕೆಯಾಗುತ್ತದೆ. ಈ ದಾರಿಯಲ್ಲಿ ಕೆಲವು ಸೆಕೆಂಡುಗಳಿಂದ ಹಿಡಿದು ಅರ್ಧ ನಿಮಿಷದವರೆಗೂ ವಿಳಂಬವಾಗುವುದುಂಟು. ಅದು ಎಲ್ಲರಿಗೂ ಒಂದೇ ಸಮನಲ್ಲ. ಪಟ್ಟಣದಲ್ಲಿ ವೇಗದ ಸಂಪರ್ಕವುಳ್ಳವರಿಗೆ ಕಂಡ ಸೀರೆ, ಮಲೆನಾಡಿನ ಮೂಲೆಯಲ್ಲಿ ಕ್ಷೀಣವಾದ ಅಲೆಯನ್ನು ಹಿಡಿದು ಕುಳಿತವರಿಗೆ ಇನ್ನೂ ಕಂಡಿರುವುದಿಲ್ಲ. ಆದರೂ 'ಮೊದಲು ಬರೆದವರಿಗೆ ಸೀರೆ' ಎಂಬ ನಿಯಮವನ್ನು ಮಾರುವವರು ಬಹು ನ್ಯಾಯವಾದದ್ದೆಂದು ನಂಬಿದ್ದಾರೆ. ಅಲ್ಲಿ ಮೊದಲು ಬಂದುದು ಆಸೆಯೂ ಅಲ್ಲ, ಚುರುಕುತನವೂ ಅಲ್ಲ, ತಂತಿಯ ಉದ್ದಗಿಡ್ಡ. ಕೈಮಗ್ಗದ ಸೀರೆಯಲ್ಲಿ ಒಂದು ಬಣ್ಣದ್ದು ಒಂದೇ ಇರುವುದು ಹೆಚ್ಚು. ಅಂಥದಕ್ಕೆ ಎರಡು ನಿಮಿಷ ಅವಧಿ ಕೊಟ್ಟು, ಕೇಳಿದವರ ಹೆಸರುಗಳಲ್ಲಿ ಚೀಟಿಯೆತ್ತುವುದು ಲೇಸೆಂದು ನಮಗೆ ತೋರುತ್ತದೆ. ವ್ಯಾಪಾರದ ಬಿಸಿ ಆರಿಹೋಗುತ್ತದೆಂದು ಆಕ್ಷೇಪಿಸಬಹುದು. ಆ ಬಿಸಿಯಲ್ಲಿ ಕೊಂಡವರೇ ಅಲ್ಲವೇ ಮರುದಿನ ಸೀರೆಯನ್ನು ಹಿಂದಿರುಗಿಸಲು ಕೇಳುವವರು?

ಸರಕು ಗೋಡೆಯುದ್ದಕ್ಕೂ ಜೋಡಿಸಿಟ್ಟಿರುವಾಗ 'ಇನ್ನೊಂದೇ ಉಳಿದಿದೆ' ಎಂದು ಅವಸರಪಡಿಸುವುದು ಬರಿಯ ಕೆಟ್ಟ ನಡತೆಯಷ್ಟೇ ಆಗಿ ಉಳಿದಿಲ್ಲ. ಭಾರತದಲ್ಲಿ 2023ರ ನವೆಂಬರಿನಲ್ಲಿ ಹೊರಟ ಮಾರ್ಗಸೂಚಿಗಳು ಗ್ರಾಹಕರನ್ನು ವಂಚಿಸುವ 13 ಬಗೆಯ ತಂತ್ರಗಳನ್ನು ಪಟ್ಟಿಮಾಡಿವೆ. ಸುಳ್ಳು ಅವಸರ ಅವುಗಳಲ್ಲೊಂದು. ಹಿಂದಿನ ದಿನ ಮುದ್ರಿಸಿದ ಚಿತ್ರವನ್ನು ಸುತ್ತಿ ಸುತ್ತಿ ಓಡಿಸುವ ಅನುಕೂಲ ಓ.ಬಿ.ಎಸ್.ನಲ್ಲಿದೆ. ಅದನ್ನು ಓಡಿಸಿ 'ನೇರ ಪ್ರಸಾರ' ಎಂದು ಹೆಸರಿಡಲು ಯಾರಾದರೂ ಹೇಳಿದರೆ, ಕಂಪ್ಯೂಟರಿನ ಮುಂದೆ ಕುಳಿತ ವಿದ್ಯಾರ್ಥಿಯು ಆಗದೆನ್ನಬೇಕು. ಹೇಳಿದವರು ಚಿಕ್ಕಮ್ಮನೇ ಆದರೂ.

ಗೋಪ್ಯದ ವಿಚಾರದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಯೂಟ್ಯೂಬ್ ಮೊದಲಾದ ಸಂಸ್ಥೆಗಳು 'ಸ್ಟ್ರೀಮ್ ಕೀ' ಎಂಬ ಉದ್ದನೆಯ ಅಕ್ಷರಸಾಲನ್ನು ಕೊಡುತ್ತವೆ. ಅದು ಯಾರ ಕೈಗೆ ಸಿಕ್ಕಿದರೂ ನಮ್ಮ ಹೆಸರಿನಲ್ಲಿ ಪ್ರಸಾರ ಮಾಡಬಲ್ಲರು. ತಪ್ಪಿ ಬಯಲಾದರೆ ಕೂಡಲೇ ಹೊಸದನ್ನು ಪಡೆಯಬೇಕು. ಎರಡನೆಯದು, ಕಂಪ್ಯೂಟರಿನ ಇಡೀ ತೆರೆಯನ್ನು ಮೂಲವಾಗಿ ಕೊಡಬಾರದು. ಬೇಕಾದ ಒಂದು ಕಿಟಕಿಯನ್ನಷ್ಟೇ ಕೊಡಬೇಕು. ಇಡೀ ತೆರೆಯಲ್ಲಿ ಗಿರಾಕಿಗಳ ವಿಳಾಸ, ಮೊಬೈಲು ಸಂಖ್ಯೆ ಎಲ್ಲವೂ ಒಮ್ಮೆ ಮಿಂಚಿಹೋದರೆ ಸಾಕು, ವಂಚಕರಿಗೆ ಹಬ್ಬ. ಸಂಖ್ಯೆಯನ್ನು ಎಲ್ಲರೂ ಓದುವಲ್ಲಿ ಬರೆಯಬಾರದೆಂದು ಗಿರಾಕಿಗಳಿಗೂ ಪ್ರಸಾರದ ಆದಿಯಲ್ಲೇ ಹೇಳಬೇಕು. ಹಣ ಪಡೆಯುವುದಕ್ಕೆ ಗುಪ್ತಸಂಖ್ಯೆ ಒತ್ತಬೇಕಾಗಿಲ್ಲ, ಕೊಡುವುದಕ್ಕೆ ಮಾತ್ರ ಬೇಕು ಎಂಬುದನ್ನು ಸೇರಿಸಿದರೆ, 'ನಿಮ್ಮ ಹಣ ಹಿಂದಿರುಗಿಸುತ್ತೇವೆ, ಗುಪ್ತಸಂಖ್ಯೆ ಒತ್ತಿ' ಎಂದು ಮಾರುವವರ ಹೆಸರಿನಲ್ಲಿ ಕರೆಮಾಡುವವರಿಗೆ ಅಷ್ಟರಮಟ್ಟಿಗೆ ದಾರಿ ಕಟ್ಟಿದಂತಾಗುತ್ತದೆ.

ಪ್ರಸಾರವಾಗುತ್ತಿರುವಾಗಲೇ ಅದನ್ನು ಕಂಪ್ಯೂಟರಿನಲ್ಲಿ ಮುದ್ರಿಸಿಕೊಳ್ಳುವ ಅನುಕೂಲವೂ ಇದೇ ತಂತ್ರಾಂಶದಲ್ಲಿದೆ. ಬಹಳ ಜನ ಇದನ್ನು ಬಳಸುವುದಿಲ್ಲ. ಬಳಸಬೇಕೆಂದು ನಾವು ಒತ್ತಿ ಹೇಳುತ್ತೇವೆ. ಪಾರ್ಸೆಲು ಬಿಚ್ಚಿದವರು 'ನೀವು ತೋರಿಸಿದ್ದು ಇದಲ್ಲ' ಎಂದಾಗ, ತೋರಿಸಿದುದೇನು, ಹೇಳಿದ ಬೆಲೆ ಎಷ್ಟು, 'ಅಪ್ಪಟ ರೇಷ್ಮೆ' ಎಂದರೋ 'ರೇಷ್ಮೆಯಂತೆ' ಎಂದರೋ ಎಂಬುದನ್ನು ಇಬ್ಬರೂ ಕೂಡಿ ನೋಡಬಹುದು. ಸೆಕೆಂಡಿಗೆ 25 ಲಕ್ಷ ಬಿಟ್‌ನಂತೆ ಒಂದು ಗಂಟೆಯ ಪ್ರಸಾರವು ಸುಮಾರು 112 ಕೋಟಿ ಬೈಟುಗಳಾಗುತ್ತದೆ. ತಿಂಗಳಿಗೆ ಎಂಟು ಗಂಟೆ ಮಾರಿದರೂ ಮುದ್ರಿಕೆಗಳೆಲ್ಲ ಬೆರಳುದ್ದದ ಒಂದು ಪೆನ್ ಡ್ರೈವಿನಲ್ಲಿ ಹಿಡಿಸುತ್ತವೆ.