ಹೊಂಗೆ ಎಲೆ ಕೊಟ್ಟ ದೂರು

ಊರಿನ ಗಾಳಿಯ ಲೆಕ್ಕ ಇಡುವ ಅಧಿಕಾರಿಗಳಿಗೆ,

ವಿಷಯ: ನಮ್ಮ ಬಡಾವಣೆಯ ಗಾಳಿಯಲ್ಲಿ ಸೀಸ ಎಷ್ಟಿದೆ ಎಂದು ಅಳೆದು ತಿಳಿಸುವ ಬಗ್ಗೆ.

ಮಾನ್ಯರೇ,

ಹೋದ ತಿಂಗಳು ಒಂದು ಕಾಗದದ ಲಕೋಟೆ ಹಿಡಿದುಕೊಂಡು ನಿಮ್ಮ ಕಚೇರಿಗೆ ಬಂದಿದ್ದೆ. ಒಳಗೆ ಒಣಗಿದ ಹೊಂಗೆ ಎಲೆಗಳಿದ್ದವು, ಜೊತೆಗೆ ಒಂದು ಕಾಲೇಜಿನ ಪ್ರಯೋಗಾಲಯ ಕೊಟ್ಟ ಒಂದು ಪುಟದ ವರದಿ. ಮೇಜಿನ ಆಚೆ ಕೂತಿದ್ದವರು ಲಕೋಟೆಯೊಳಗೆ ಇಣುಕಿ ನೋಡಿ, “ಅಮ್ಮಾ, ಎಲೆನೆಲ್ಲ ಸಾಕ್ಷಿ ಅಂತ ತಗೊಳ್ಳೋಕಾಗಲ್ಲ” ಅಂದರು. ಆಮೇಲೆ ತಮ್ಮ ಫೋನು ನನ್ನ ಕಡೆ ತಿರುಗಿಸಿದರು. ನಮ್ಮ ಭಾಗದ ವಾಯು ಗುಣಮಟ್ಟ ಸೂಚ್ಯಂಕ ಆವತ್ತು ತಿಳಿಹಸಿರು ಬಣ್ಣದಲ್ಲಿತ್ತು, ಪಕ್ಕದಲ್ಲಿ ‘ತೃಪ್ತಿಕರ’ ಎಂದಿತ್ತು. ಅವರು ಒರಟಾಗಿ ಮಾತಾಡಲಿಲ್ಲ, ಕಾಫಿ ಕೂಡ ತರಿಸಿದರು. ದೂರಿಗೆ ಸ್ವೀಕೃತಿ ಮಾತ್ರ ಕೊಡಲಿಲ್ಲ.

ಹಾಗಾಗಿ ಅದೇ ದೂರನ್ನು ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರಿನ ಅಂಚಿನ ಬಡಾವಣೆ. ಕೊನೆಯ ಅಡ್ಡರಸ್ತೆ ಮುಗಿಯುವ ಕಡೆ ಒಂದು ತಗಡಿನ ಶೆಡ್ಡು ಇದೆ, ಹೆಸರಿನ ಬೋರ್ಡಿಲ್ಲ. ಹಗಲು ಹೊತ್ತು ಗುಜರಿ ಗಾಡಿಗಳು ಬಂದು ಹಳೇ ಬ್ಯಾಟರಿ ಇಳಿಸುತ್ತವೆ. ಆಟೋದವು, ಲಾರಿಯವು, ಮನೆ ಯುಪಿಎಸ್‌ನವು. ರಾತ್ರಿ ಹತ್ತರ ಮೇಲೆ ಒಲೆ ಹೊತ್ತುತ್ತದೆ. ಸೀಸ ಕರಗಲು 327 ಡಿಗ್ರಿ ಶಾಖ ಸಾಕು, ಸೌದೆ ಒಲೆಯಲ್ಲೇ ಆಗುವ ಕೆಲಸ ಅದು. ಗಾಳಿ ನಮ್ಮ ಕಡೆ ತಿರುಗಿದ ರಾತ್ರಿ ನಾಲಿಗೆಯ ಮೇಲೆ ಹಳೇ ನಾಣ್ಯ ಇಟ್ಟ ಹಾಗೆ ಆಗುತ್ತದೆ. ಹಳೇ ಬ್ಯಾಟರಿ ಎಲ್ಲಿಗೆ ಹೋಗಬೇಕು, ಯಾರು ಕರಗಿಸಬೇಕು ಎಂದು 2001ರಿಂದಲೇ ನಿಯಮ ಇದೆ, 2022ರಲ್ಲಿ ಅದನ್ನು ಹೊಸದಾಗಿ ಬರೆದರು. ನಿಯಮಕ್ಕೆ ನಮ್ಮ ಅಡ್ಡರಸ್ತೆಯ ದಾರಿ ಇನ್ನೂ ಗೊತ್ತಾದಂತಿಲ್ಲ.

ನಾನು ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳು. ನನಗೆ ಚಿಮಣಿ ಅಳೆಯಲು ಬರುವುದಿಲ್ಲ, ಎಲೆ ಓದಲು ಸ್ವಲ್ಪ ಬರುತ್ತದೆ. ಹೊಂಗೆ ಎಲೆಯ ಮೇಲೆ ಮೇಣದ ತೆಳು ಪದರ ಇರುತ್ತದೆ. ಗಾಳಿಯಲ್ಲಿ ತೇಲಿ ಬಂದ ಕಣ ಅದಕ್ಕೆ ಅಂಟಿಕೊಳ್ಳುತ್ತದೆ. ಮಳೆ ಬಂದರೆ ಮೇಲಿನದಷ್ಟು ತೊಳೆದುಹೋಗುತ್ತದೆ, ಮೇಣದೊಳಗೆ ಹೂತುಕೊಂಡದ್ದು ಅಲ್ಲೇ ಉಳಿಯುತ್ತದೆ. ಹೊಂಗೆಯದು ನುಣುಪಾದ ಎಲೆ, ಧೂಳು ಹಿಡಿಯುವುದರಲ್ಲಿ ಅಷ್ಟೇನೂ ಜಾಣ ಅಲ್ಲ. ನಮ್ಮ ಬೀದಿಯಲ್ಲಿ ಎಕ್ಕವೋ ಕಣಗಿಲೆಯೋ ಸಾಲಾಗಿ ಇದ್ದಿದ್ದರೆ ಅವನ್ನೇ ಆರಿಸುತ್ತಿದ್ದೆ. ಇರುವುದು ಹೊಂಗೆ, ಅದೇ ಸಿಕ್ಕಿತು.

ಜನವರಿಯಲ್ಲಿ, ಮಳೆ ನಿಂತು ವಾರಗಳೇ ಕಳೆದ ಮೇಲೆ, ಮೂರು ಜಾಗದಿಂದ ಎಲೆ ಕಿತ್ತೆವು. ಶೆಡ್ಡಿನ ಪಕ್ಕದ ಮರ, ನಮ್ಮ ಮನೆ ಮುಂದಿನ ಮರ, ಗಾಳಿ ಬರುವ ಕಡೆ ದೂರದಲ್ಲಿರುವ ಕೆರೆ ಏರಿಯ ಮರ. ಮೂರರಲ್ಲೂ ಬಲಿತ ಎಲೆ, ಒಂದೇ ಎತ್ತರ, ಕೊಂಬೆಯ ಹೊರತುದಿ. ಅರ್ಧದಷ್ಟನ್ನು ಶುದ್ಧ ನೀರಿನಲ್ಲಿ ತೊಳೆದೆವು, ಇನ್ನರ್ಧ ಹಾಗೇ ಬಿಟ್ಟೆವು. ಒಂದು ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಹಳೇ ವಿದ್ಯಾರ್ಥಿನಿ ಅವನ್ನು ಒಣಗಿಸಿ, ಪುಡಿ ಮಾಡಿ, ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಯಂತ್ರಕ್ಕೆ ಕೊಟ್ಟಳು. ಕಬ್ಬಿಣ ಮೂರು ಕಡೆಯೂ ಹೆಚ್ಚುಕಡಿಮೆ ಒಂದೇ ಬಂತು, ಅದು ನಮ್ಮ ಕೆಮ್ಮಣ್ಣಿನ ಧೂಳು. ಸೀಸ ಹಾಗಿರಲಿಲ್ಲ. ಶೆಡ್ಡಿನ ಹತ್ತಿರ ಅತಿ ಹೆಚ್ಚು, ನಮ್ಮ ಮನೆ ಹತ್ತಿರ ಅದಕ್ಕಿಂತ ಕಡಿಮೆ, ಕೆರೆ ಏರಿಯಲ್ಲಿ ತೀರಾ ಕಡಿಮೆ. ತೊಳೆದ ಎಲೆಯಲ್ಲಿ ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ. ಅಂಕಿಗಳನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಒಂದೇ ಪ್ರಯೋಗಾಲಯ, ಒಂದೇ ಸಲದ ಅಳತೆ. ಅದನ್ನು ಹಿಡಿದು ಬೀದಿಯವರನ್ನು ಹೆದರಿಸುವುದು ನನ್ನ ವೃತ್ತಿಗೆ ಒಪ್ಪುವ ಕೆಲಸ ಅಲ್ಲ. ವರದಿಯ ಪ್ರತಿ ನಿಮ್ಮ ಮೇಜಿನ ಮೇಲಿದೆ.

ಹೆದರಿಸದಿದ್ದರೂ ಹೆದರಿದ್ದಾರೆ ಅನ್ನಿ. ಎಲೆ ತುಂಬ ಎದ್ದಿರುವ ಗಂಟು ತೋರಿಸಿ “ಇದೇ ಸೀಸಾನಾ ಟೀಚರ್?” ಎಂದು ಕೇಳಿದವರಿಗೆ, ಅದು ನುಸಿ ಮಾಡುವ ಗಂಟು, ಊರಿನ ಎಲ್ಲ ಹೊಂಗೆಗೂ ಇರುತ್ತದೆ ಎಂದು ಹೇಳಿ ಹೇಳಿ ಸಾಕಾಗಿದೆ. ಸೀಸ ಹಾಗೆ ಕಣ್ಣಿಗೆ ಬೀಳುವಂಥದ್ದಾಗಿದ್ದರೆ ನಾನು ನಿಮ್ಮಲ್ಲಿಗೆ ಬರಬೇಕಾಗಿಯೇ ಇರಲಿಲ್ಲ.

ಈಗ ನಿಮ್ಮ ಫೋನಿನ ತಿಳಿಹಸಿರಿನ ಮಾತು. ನಮ್ಮ ದೇಶದ ಗಾಳಿಗೆ 2009ರಲ್ಲಿ ಹಾಕಿದ ಮಿತಿಗಳ ಪಟ್ಟಿಯಲ್ಲಿ 12 ವಸ್ತುಗಳಿವೆ. ಲೋಹದ ಸಾಲಿನಲ್ಲಿ ಸೀಸ, ನಿಕ್ಕಲ್, ಆರ್ಸೆನಿಕ್ ಇಷ್ಟೇ. ಕ್ಯಾಡ್ಮಿಯಂ, ಕ್ರೋಮಿಯಂಗಳಿಗೆ ಅದರಲ್ಲಿ ಜಾಗವೇ ಇಲ್ಲ. ಸೂಚ್ಯಂಕಕ್ಕೆ ಲೆಕ್ಕ ಹಿಡಿಯುವ 8 ವಸ್ತುಗಳಲ್ಲಿ ಸೀಸದ ಹೆಸರೇನೋ ಇದೆ. ಆದರೆ ಸೀಸವನ್ನು ಗಂಟೆಗಂಟೆಗೂ ಅಳೆದು ಪರದೆಯ ಮೇಲೆ ತೋರಿಸುವ ಕ್ರಮ ಇಲ್ಲ. ಫಿಲ್ಟರ್ ಕಾಗದದ ಮೇಲೆ 24 ಗಂಟೆ ಧೂಳು ಹಿಡಿದು, ಅದನ್ನು ಪ್ರಯೋಗಾಲಯಕ್ಕೆ ಒಯ್ದು ನೋಡಬೇಕು. ಆವತ್ತು ನೀವು ತೋರಿಸಿದ ‘ತೃಪ್ತಿಕರ’ ಎಂಬ ಮಾತು ಸೀಸವನ್ನು ನೋಡಿ ಆಡಿದ ಮಾತಲ್ಲ. ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಧೂಳನ್ನು ತೂಗುತ್ತೇವಲ್ಲ, ಅದರಲ್ಲೇ ಸೀಸವೂ ಬಂತಲ್ಲ ಎನ್ನಬಹುದು. ಬರುತ್ತದೆ, ತಿಳಿಯುವುದಿಲ್ಲ. ಪಿಎಂ 10 ಎನ್ನುವ ಧೂಳಿಗೆ ಒಂದು ಘನ ಮೀಟರಿಗೆ ವರ್ಷದ ಸರಾಸರಿ 60 ಮೈಕ್ರೋಗ್ರಾಂ ಮಿತಿ. ಸೀಸಕ್ಕೆ ಅರ್ಧ ಮೈಕ್ರೋಗ್ರಾಂ. ಅಂದರೆ ಮಿತಿಯೊಳಗಿನ ಧೂಳಿನಲ್ಲಿ 120ರಲ್ಲಿ ಒಂದು ಪಾಲು ಸೀಸ ಇದ್ದರೂ ಅದು ಮಿತಿ ಮುಟ್ಟಿತು. ಅಕ್ಕಿ ಮೂಟೆಯನ್ನು ತಕ್ಕಡಿಗೆ ಹಾಕಿ ಒಳಗೆ ಕಲ್ಲೆಷ್ಟಿದೆ ಎಂದು ಹೇಳಲಾದೀತೇ? ಅದಕ್ಕೆ ಮೊರ ಬೇಕು. ಸಾಲದ್ದಕ್ಕೆ ನಿಮ್ಮ ಮಾಪನ ಕೇಂದ್ರ ನಮ್ಮಲ್ಲಿಂದ ಕಿಲೋಮೀಟರುಗಟ್ಟಲೆ ದೂರ, ಒಂದು ಕಟ್ಟಡದ ತಾರಸಿಯ ಮೇಲಿದೆ. ನಮ್ಮ ಭಾಗದಲ್ಲಿ ಸೀಸ ಅಳೆದದ್ದು ಯಾವಾಗ ಎಂದು ಮಾಹಿತಿ ಹಕ್ಕಿನಡಿ ಕೇಳಿದ್ದೆ. “ಮಾಹಿತಿ ಲಭ್ಯವಿಲ್ಲ” ಎಂಬ ಎರಡು ಪದ ಬಂದವು, ರಿಜಿಸ್ಟರ್ಡ್ ಅಂಚೆಯಲ್ಲಿ.

ಎಲೆ ಸಾಕ್ಷಿಯಲ್ಲ ಎಂದಿರಿ. ಒಪ್ಪಿದೆ. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಏನಾಯಿತು ಎಂಬುದನ್ನಾದರೂ ಕೇಳಿ. 2013ರ ಡಿಸೆಂಬರಿನಲ್ಲಿ ಅಲ್ಲಿನ ಅರಣ್ಯ ಸೇವೆಯ ಸಂಶೋಧಕರು ಊರಿನ ಬೀದಿ ಮರಗಳಿಂದ ಹಾವಸೆ ಕೆರೆದುಕೊಂಡು ಬಂದರು. ಕಾಂಡಕ್ಕೆ ಹಸಿರಾಗಿ ಅಂಟಿಕೊಂಡಿರುತ್ತದಲ್ಲ, ಅದೇ. ಹಾವಸೆಗೆ ನಿಜವಾದ ಬೇರಿಲ್ಲ, ಬೇಕಾದ್ದನ್ನೆಲ್ಲ ಗಾಳಿ ಮಳೆಯಿಂದಲೇ ಹೀರಬೇಕು. ಒಟ್ಟು 346 ಮಾದರಿ. ನಕ್ಷೆಯ ಮೇಲೆ ಇಟ್ಟು ನೋಡಿದರೆ ಎರಡು ಕಡೆ ಕ್ಯಾಡ್ಮಿಯಂ ಗುಡ್ಡೆ ಬಿದ್ದ ಹಾಗಿತ್ತು, ಎರಡೂ ಕಡೆ ಬಣ್ಣದ ಗಾಜು ತಯಾರಿಸುವ ಕಾರ್ಖಾನೆ. ಗಾಜಿಗೆ ಹಳದಿ, ಕೆಂಪು ಬಣ್ಣ ಕೊಡಲು ಕ್ಯಾಡ್ಮಿಯಂ ಬಳಸುತ್ತಾರೆ. ಜನವಸತಿಯ ನಡುವೆ ವರ್ಷಾನುಗಟ್ಟಲೆ ನಡೆದಿದ್ದ ಕಾರ್ಖಾನೆಗಳು, ಊರಿನ ಗಾಳಿ ಅಳೆಯುವ ಯಂತ್ರಕ್ಕೆ ಅವುಗಳ ಸುಳಿವೇ ಸಿಕ್ಕಿರಲಿಲ್ಲ.

ಅಲ್ಲಿನ ಅಧಿಕಾರಿಗಳು ಹಾವಸೆಯನ್ನು ನಂಬಿ ಬೀಗ ಹಾಕಲಿಲ್ಲ. 2015ರ ಅಕ್ಟೋಬರಿನಲ್ಲಿ ಒಂದು ಕಾರ್ಖಾನೆಯ ಹತ್ತಿರ ಗಾಳಿ ಹಿಡಿಯುವ ಯಂತ್ರ ಇಟ್ಟರು. ಕ್ಯಾಡ್ಮಿಯಂ ಆ ರಾಜ್ಯದ ಸುರಕ್ಷತೆಯ ಗುರಿಗಿಂತ 49 ಪಟ್ಟು ಬಂತು. 2016ರ ಫೆಬ್ರುವರಿಯಲ್ಲಿ ವಿಷಯ ಹೊರಬಿದ್ದ ಮೇಲೆ ಕಾರ್ಖಾನೆಗಳು ಕ್ಯಾಡ್ಮಿಯಂ ಬಳಕೆ ನಿಲ್ಲಿಸಿದವು. ಹಾವಸೆ ಮಾಡಿದ್ದು ಇಷ್ಟೇ, ಯಂತ್ರವನ್ನು ಎಲ್ಲಿಡಬೇಕೆಂದು ತೋರಿಸಿತು. ನನ್ನ ಲಕೋಟೆಯಿಂದ ನಾನು ಬಯಸಿದ್ದೂ ಅಷ್ಟೇ. ಎಲೆಯನ್ನು ಸಾಕ್ಷಿ ಎಂದು ತೆಗೆದುಕೊಳ್ಳಬೇಡಿ, ದೂರು ಎಂದಾದರೂ ತೆಗೆದುಕೊಳ್ಳಿ. ದೂರು ಕೊಡುವವನು ತೀರ್ಪಿನ ಪ್ರತಿ ಹಿಡಿದುಕೊಂಡು ಬರಬೇಕು ಎಂದು ಯಾವ ಠಾಣೆಯಲ್ಲೂ ಹೇಳುವುದಿಲ್ಲ.

ಎಲೆಯ ಮಿತಿಗಳನ್ನು ನಾನೇ ಹೇಳಿಬಿಡುತ್ತೇನೆ, ನಾಳೆ ನಿಮ್ಮ ತಜ್ಞರು ಹೇಳುವ ಮೊದಲು. ಒಂದು ಘನ ಮೀಟರ್ ಗಾಳಿಯಲ್ಲಿ ಸೀಸ ಇಷ್ಟು ಎಂದು ಎಲೆ ಹೇಳಲಾರದು. ಯಾವ ಒಲೆಯದು ಎಂದು ಬೆರಳು ತೋರಿಸಲಾರದು. ಸೀಸ ಬೆರೆಸಿದ ಪೆಟ್ರೋಲು ನಮ್ಮಲ್ಲಿ 2000ದಲ್ಲೇ ನಿಂತರೂ ಆಗ ಮಣ್ಣಿಗೆ ಬಿದ್ದದ್ದು ಕರಗಿ ಹೋಗಿಲ್ಲ, ರಸ್ತೆ ಬದಿಯ ಧೂಳು ಎದ್ದಾಗಲೆಲ್ಲ ಎಲೆಗೆ ಬರಬಹುದು. ಬೇರಿನಿಂದ ಎಲೆಗೆ ಸೀಸ ಏರುವುದು ಬಹಳ ಕಡಿಮೆ, ಕ್ಯಾಡ್ಮಿಯಂ, ಸತು ಮಾತ್ರ ಸಲೀಸಾಗಿ ಏರುತ್ತವೆ. ಇದೆಲ್ಲ ಗೊತ್ತಿದ್ದೇ ಕೆರೆ ಏರಿಯ ಮರವನ್ನೂ ಕಬ್ಬಿಣವನ್ನೂ ಲೆಕ್ಕಕ್ಕೆ ಸೇರಿಸಿದ್ದು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅರಳಿ, ಬೇವು, ಮಾವಿನ ಎಲೆ ಹಿಡಿದು ಇಂಥ ಕೆಲಸ ಮಾಡಿ ಡಾಕ್ಟರೇಟ್ ಪಡೆದವರಿದ್ದಾರೆ. ಆ ಪ್ರಬಂಧಗಳು ಗ್ರಂಥಾಲಯದಲ್ಲಿ ಬೇರೆ ಥರದ ಧೂಳು ಹಿಡಿಯುತ್ತಿವೆ.

ಬೆಂಗಳೂರಿಗೆ ಸೀಸದ ಪಾಠ ಹೊಸದೂ ಅಲ್ಲ. 1999ರ ಫೆಬ್ರುವರಿಯಲ್ಲಿ ಸೀಸದ ವಿಷಬಾಧೆ ಕುರಿತ ಅಂತಾರಾಷ್ಟ್ರೀಯ ಸಮ್ಮೇಳನ ನಡೆದದ್ದು ಇದೇ ಊರಿನಲ್ಲಿ. ಮಕ್ಕಳ ರಕ್ತದಲ್ಲಿ ಸೀಸ ಅಳೆದು ದೇಶಕ್ಕೆಲ್ಲ ಎಚ್ಚರಿಕೆ ಕೊಟ್ಟವರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಪ್ರಮುಖರು. ಸೀಸ ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಸುರಕ್ಷಿತ ಮಟ್ಟ ಯಾವುದೂ ತಿಳಿದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಳೆಯುವ ಮಿದುಳಿಗೆ ಅದು ಮಾಡುವ ಹಾನಿ ಮತ್ತೆ ಸರಿಹೋಗುವುದಿಲ್ಲ. ನಮ್ಮ ಅಡ್ಡರಸ್ತೆಯಲ್ಲಿ ಅಂಗನವಾಡಿ ಇದೆ. ಶೆಡ್ಡಿನಲ್ಲಿ ಬರಿಗೈಯಲ್ಲಿ ಬ್ಯಾಟರಿ ಒಡೆಯುವ ಹುಡುಗರು ಅಲ್ಲೇ ಮಲಗುತ್ತಾರೆ, ಆ ಬಟ್ಟೆಯಲ್ಲೇ ಊಟ ಮಾಡುತ್ತಾರೆ. ಅವರ ಹೊಟ್ಟೆಪಾಡಿಗೆ ಕಲ್ಲು ಹಾಕಲು ಹೊರಟವಳು ನಾನಲ್ಲ. ಮೊದಲು ರಕ್ತ ಪರೀಕ್ಷೆ ಆಗಬೇಕಾದ್ದು ಅವರಿಗೇ.

ಮಿತಿಯ ನಿಯಮದಲ್ಲಿ ವರ್ಷಕ್ಕೆ ಕನಿಷ್ಠ 104 ಅಳತೆ ಎಂದಿದೆ, ವಾರಕ್ಕೆ ಎರಡರಂತೆ. ಅಷ್ಟು ನಾನು ಕೇಳುತ್ತಿಲ್ಲ. ಅಂಗನವಾಡಿಯ ಮಾಡಿನ ಮೇಲೆ ಒಂದು ತಿಂಗಳು ಯಂತ್ರ ಇಡಿ, ಒಲೆ ಉರಿಯುವ ರಾತ್ರಿಗಳೂ ಲೆಕ್ಕಕ್ಕೆ ಸೇರಲಿ, ಫಿಲ್ಟರ್ ಕಾಗದದಲ್ಲಿ ಸೀಸ, ಕ್ಯಾಡ್ಮಿಯಂ ನೋಡಿ, ಬಂದ ಅಂಕಿಯನ್ನು ಅಂಗನವಾಡಿ ಬಾಗಿಲಿಗೆ ಕನ್ನಡದಲ್ಲಿ ಅಂಟಿಸಿ. ನನ್ನ ಎಲೆ ಸುಳ್ಳು ಹೇಳಿದ್ದರೆ ಅದೂ ಅಲ್ಲೇ ಗೊತ್ತಾಗಲಿ. ಎದುರು ಮನೆಯಾಕೆ ತಿಂಗಳಿಂದ ಒಂದೇ ಪ್ರಶ್ನೆ ಕೇಳುತ್ತಿದ್ದಾಳೆ: “ಟೀಚರ್, ನಮ್ಮ ಗಿಡದ ನುಗ್ಗೆಸೊಪ್ಪು ಬಸ್ಸಾರು ಮಾಡಬಹುದಾ?” ಸದ್ಯಕ್ಕೆ ಬೇಡ, ಮಾಡಲೇಬೇಕೆಂದರೆ ನಾಲ್ಕು ನೀರಲ್ಲಿ ತೊಳಿ ಅಂದಿದ್ದೇನೆ. ಅದು ಉತ್ತರವಲ್ಲ ಎಂದು ಅವಳಿಗೂ ಗೊತ್ತು.

ಕೊನೆಯದಾಗಿ, ಇದು ಸ್ವಲ್ಪ ಅವಸರದ ಮಾತು. ಅಂಗಡಿಯವರು ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ತೆರೆದರೆ ಹೊಂಗೆ ಯುಗಾದಿಗೆ ತೆರೆಯುತ್ತದೆ. ಹೋದ ವರ್ಷದ ಲೆಕ್ಕ ಬರೆದಿಟ್ಟ ಎಲೆಗಳು ಈಗ ದಿನಾ ಉದುರುತ್ತಿವೆ. ಬೆಳಿಗ್ಗೆ ಗುಡಿಸಿ ರಸ್ತೆ ಮೂಲೆಯಲ್ಲಿ ಗುಡ್ಡೆ ಹಾಕುತ್ತಾರೆ, ಸಂಜೆ ಯಾರೋ ಬೆಂಕಿ ಇಡುತ್ತಾರೆ, ಎಲೆಯಲ್ಲಿದ್ದದ್ದು ಮತ್ತೆ ಗಾಳಿಗೆ ಬರುತ್ತದೆ. ಶೆಡ್ಡಿನ ಪಕ್ಕದ ಮರದ್ದು ಎರಡು ಲಕೋಟೆ, ನಮ್ಮ ಮನೆ ಮುಂದಿನದು ಎರಡು, ತಾರೀಖು ಬರೆದು ಅಕ್ಕಿ ಡಬ್ಬದ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದೇನೆ. ಮರದಿಂದಲೇ ಕೀಳಬೇಕೆಂದರೆ ಈ ವಾರ ಬನ್ನಿ. ಏಣಿ ನಮ್ಮಲ್ಲಿದೆ.

ಇಂತಿ ತಮ್ಮ ವಿಶ್ವಾಸಿ,
ಕೊನೆಯ ಅಡ್ಡರಸ್ತೆಯ ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕಿ