‘ಮನ್ಯಾಗ ಹಾಲಿಲ್ಲೇನವಾ?’

ನಮ್ಮ ಸಿಂಧನೂರು ಕಡೆ ಹಾಲಿಲ್ಲದ ಚಾ ಕುಡಿಯುವವರು ಎರಡೇ ಬಗೆ. ಹೊಟ್ಟೆ ಕೆಟ್ಟವರು, ಇಲ್ಲವೇ ಹಾಲಿಗೆ ಗತಿ ಇಲ್ಲದವರು. ನನ್ನ ಹೊಟ್ಟೆ ನೆಟ್ಟಗಿದೆ, ಫ್ರಿಜ್‌ನಲ್ಲಿ ಹಾಲೂ ಇದೆ. ಆದರೂ ದಿನಾ ಬೆಳಿಗ್ಗೆ ಐದೂವರೆಗೆ ಎದ್ದು, ಕುದಿನೀರಿಗೆ ಟೀ ಬ್ಯಾಗ್ ಇಳಿಬಿಟ್ಟು ಕರಿ ಚಾ ಕುಡಿಯುತ್ತೇನೆ. ಸಕ್ಕರೆಯನ್ನೂ ಹಾಕುವುದಿಲ್ಲ. ಇದನ್ನು ಹೇಳಿದಾಗೆಲ್ಲ ಎದುರಿನವರ ಮುಖದಲ್ಲಿ ಮೊದಲು ಕನಿಕರ, ಆಮೇಲೆ ನಗು. ‘ಡಯಟ್ ಮಾಡಾಕ ಹತ್ತೀಯೇನು?’ ಅನ್ನುತ್ತಾರೆ. ಇಲ್ರೀ, ರುಚಿಗೆ ಕುಡಿಯುತ್ತೇನೆ ಅಂದರೆ ಒಬ್ಬರೂ ನಂಬುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ.

ನಂಬದಿರುವುದಕ್ಕೆ ಕಾರಣ ನನಗೂ ಗೊತ್ತು. ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ, ಕಾಲುವೆಯ ಕೊನೆಯಲ್ಲಿರುವ ನಮ್ಮ ಹೊಲಕ್ಕೆ ಎರಡನೇ ಬೆಳೆಗೆ ನೀರು ಬರಲಿಲ್ಲ. ಭತ್ತ ಹೋಯಿತು, ಹಿಂದೆಯೇ ಎಮ್ಮೆಯೂ ಸಂತೆಗೆ ಹೋಯಿತು. ಅಂಥದ್ದರಲ್ಲಿ ಒಂದು ದಿನ ಹೇಳದೆ ಕೇಳದೆ ಬೀಗರು ಬಂದರು. ಅವ್ವ ನನ್ನ ಕೈಗೆ ಚರಿಗೆ ಕೊಟ್ಟು ಹಿತ್ತಲ ಬಾಗಿಲಿನಿಂದ ಓಡಿಸಿದಳು. ಎರಡು ಮನೆ ತಿರುಗಿ ಖಾಲಿ ಚರಿಗೆಯೊಂದಿಗೆ ಬಂದೆ. ಬೆಲ್ಲ ಹಾಕಿದ ಕರಿ ಚಾ ಹೊರಗೆ ಹೋಯಿತು. ಬೀಗರ ಪೈಕಿ ಮಾವನೊಬ್ಬರು ಲೋಟದೊಳಗೆ ನೋಡಿ, ‘ಮನ್ಯಾಗ ಹಾಲಿಲ್ಲೇನವಾ?’ ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಸುಮ್ಮನೆ ಕೇಳಿದ್ದು. ಆದರೆ ಅವರು ಹೋದ ಮೇಲೆ ಅವ್ವ ಉಳಿದ ಚಾವನ್ನು ಬಚ್ಚಲಿಗೆ ಚೆಲ್ಲಿದ ಸದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ಆಮೇಲೆ ಎಷ್ಟೋ ವರ್ಷ ನಮ್ಮ ಮನೆಯಲ್ಲಿ ಉಪ್ಪು ತೀರಿದರೂ ಹಾಲು ತೀರುತ್ತಿರಲಿಲ್ಲ.

ಹೀಗಾಗಿ ಲಿಂಗಸುಗೂರಿನಲ್ಲಿ ಬಿ.ಇಡಿ ಸೇರಿದಾಗ, ಪಕ್ಕದಲ್ಲಿ ಕುಳಿತ ಗೆಳತಿ ಫ್ಲಾಸ್ಕಿನಿಂದ ಕೆಂಪು ಚಾ ಬಗ್ಗಿಸಿಕೊಂಡು ಎಲ್ಲರೆದುರೂ ಆರಾಮಾಗಿ ಕುಡಿದದ್ದು ನೋಡಿ ನನಗೇ ಮುಜುಗರವಾಯಿತು. ಅವಳದು ಸಿಂಧನೂರು ಪಕ್ಕದ ಆರ್.ಎಚ್. ಕ್ಯಾಂಪು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೆ ಸರ್ಕಾರ ನೆಲೆ ಕೊಟ್ಟ ಕ್ಯಾಂಪುಗಳವು. ಮನೆಯಲ್ಲಿ ಬಂಗಾಳಿ, ಬಸ್ಸಿನಲ್ಲಿ ನಮ್ಮಂಥದೇ ಕನ್ನಡ. ‘ನಾವು ಇದಕ್ಕ ಲಾಲ್ ಚಾ ಅಂತೀವಿ. ಬಂದವರಿಗೂ ಇದನ್ನ ಕೊಡ್ತೀವಿ’ ಅಂದಳು. ಬಂದವರಿಗೂ! ನನಗೆ ಅದೇ ದೊಡ್ಡ ಸುದ್ದಿ.

ಆ ವಾರವೇ ಇಪ್ಪತ್ತೈದು ಟೀ ಬ್ಯಾಗುಗಳ ಡಬ್ಬಿ ಕೊಂಡೆ. ಮೊದಲ ಕಪ್ಪು ಬೇವಿನ ಕಷಾಯವೇ ಆಯಿತು. ಬ್ಯಾಗನ್ನು ಕಪ್ಪಿನೊಳಗೇ ಬಿಟ್ಟು ಬಟ್ಟೆ ಇಸ್ತ್ರಿ ಮಾಡಿಕೊಂಡು ಬಂದಿದ್ದೆ. ಗೆಳತಿ ನಕ್ಕು ಹೇಳಿಕೊಟ್ಟಳು: ನೀರು ಗುಳುಗುಳು ಕುದಿಯಬೇಕು, ಕಪ್ಪಿನ ಮೇಲೆ ತಟ್ಟೆ ಮುಚ್ಚಬೇಕು, ಮೂರು ನಿಮಿಷಕ್ಕೆ ಬ್ಯಾಗು ತೆಗೆದುಬಿಡಬೇಕು, ಹಿಂಡಬಾರದು. ಬ್ಯಾಗಿನೊಳಗೆ ಇರುವುದು ಎಲೆಯ ಸಣ್ಣ ನುಚ್ಚು, ಸುಮಾರು ಎರಡು ಗ್ರಾಂ. ಸಣ್ಣದಾದ್ದರಿಂದ ಬೇಗ ಬಿಡುತ್ತದೆ, ಹೊತ್ತು ಮೀರಿದರೆ ಕಹಿಯನ್ನೂ ಬಿಡುತ್ತದೆ. ಅಮೆರಿಕದ ಮಿಲ್ವಾಕಿಯ ಇಬ್ಬರು ಹೆಂಗಸರು 1901ರಲ್ಲೇ ಇಂಥ ಬಟ್ಟೆಚೀಲಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರಂತೆ. ಒಬ್ಬರ ಒಂದು ಕಪ್ಪಿಗಾಗಿ ಪಾತ್ರೆ ತುಂಬ ಚಾ ಮಾಡುವುದು ದಂಡ ಎಂಬುದು ಅವರ ವಾದ. ಮನೆಮಂದಿಯೆಲ್ಲ ಮಲಗಿರುವಾಗ ಓದಲು ಏಳುವ ನನ್ನಂಥವಳಿಗೆ ಆ ವಾದ ಚೆನ್ನಾಗಿ ಅರ್ಥವಾಗುತ್ತದೆ.

ರುಚಿ ಏನು ಅಂತ ಕೇಳಿದರೆ, ನಮ್ಮ ಭಾಷೆಯಲ್ಲೇ ಅದಕ್ಕೊಂದು ಚೆಂದದ ಮಾತಿದೆ: ಒಗರು. ಕಹಿ ನಾಲಿಗೆಯ ಮೇಲೆ ಕೂರುತ್ತದೆ. ಒಗರು ಹಾಗಲ್ಲ, ನೇರಳೆ ತಿಂದಾಗಿನಂತೆ ಇಡೀ ಬಾಯಿಯನ್ನು ಹಿಡಿದು ಬಿಗಿಯುತ್ತದೆ, ಆಮೇಲೆ ಮೆಲ್ಲಗೆ ಬಿಟ್ಟುಕೊಡುತ್ತದೆ. ಬಿಟ್ಟ ಮೇಲೆ ಗಂಟಲಲ್ಲಿ ಒಂದಿಷ್ಟು ಸಿಹಿ. ಅಸ್ಸಾಂ ಚಾ ಆದರೆ ವಾಸನೆ ಹೆಂಚಿನ ಮೇಲೆ ಜೋಳದ ರೊಟ್ಟಿ ಇನ್ನೇನು ಸೀಯಬೇಕು ಅನ್ನುವಾಗ ಬರುತ್ತದಲ್ಲ, ಹಾಗೆ. ಹಾಲಿನಲ್ಲಿರುವ ಪ್ರೋಟೀನು ಈ ಒಗರನ್ನು ಹಿಡಿದು ಅಡಗಿಸುತ್ತದೆ. ನಾವು ಹುಟ್ಟಿದಾಗಿನಿಂದ ಕುಡಿದದ್ದು ಬಿಸಿ ಹಾಲು, ಸಕ್ಕರೆ, ಶುಂಠಿ. ಎಲೆಯ ಪಾಲು ಬಣ್ಣಕ್ಕಷ್ಟೇ. ಬೇಡ ಅಂತಲ್ಲ, ಬಸ್ ಸ್ಟ್ಯಾಂಡಿನ ಗಟ್ಟಿ ಚಾ ನಾನೂ ಕುಡಿಯುತ್ತೇನೆ. ಆದರೆ ಅದನ್ನು ಕುಡಿದು ಚಾದ ರುಚಿ ಗೊತ್ತು ಅನ್ನುವುದು, ಪಾಯಸ ಕುಡಿದು ಅಕ್ಕಿಯ ರುಚಿ ಗೊತ್ತು ಅಂದಂತೆ. ಭತ್ತದ ನಾಡಿನವರು ನಾವು, ಆ ಮಾತನ್ನು ಒಪ್ಪುತ್ತೇವೆಯೇ?

ಇನ್ನೊಂದು ಮಜಾ ಕೇಳಿ. ಶಕ್ತಿ ಯೋಜನೆಯ ಪುಣ್ಯ, ಆಧಾರ್ ಕಾರ್ಡ್ ತೋರಿಸಿ ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಓಡಾಡುತ್ತೇನೆ. ಪರ್ಸಿನಲ್ಲಿ ಯಾವಾಗಲೂ ನಾಲ್ಕು ಟೀ ಬ್ಯಾಗ್. ಒಂದೇ ಡಬ್ಬಿಯ ಬ್ಯಾಗು ಮೂರೂ ಊರಲ್ಲಿ ಮೂರು ತರಹ! ಮಸ್ಕಿ ಅಂದರೆ ಎಲ್ಲರಿಗೂ 1915ರಲ್ಲಿ ಸಿಕ್ಕ ಅಶೋಕನ ಶಾಸನ ನೆನಪಾಗುತ್ತದೆ, ನನಗೆ ದೊಡ್ಡವ್ವನ ಮನೆಯ ಬೋರ್ ನೀರಿನ ಚಾ. ಗಡಸು ನೀರು, ಸುಣ್ಣದ ಅಂಶ ಹೆಚ್ಚು. ಐದು ನಿಮಿಷ ಬಿಟ್ಟರೆ ಚಾದ ಮೇಲೆ ತೆಳ್ಳನೆ ಪದರ ಕಟ್ಟಿ, ಬೇಸಿಗೆಯಲ್ಲಿ ಎರೆಹೊಲ ಬಿರಿದಂತೆ ಬಿರಿಯುತ್ತದೆ. ನಾಲ್ಕು ಹನಿ ನಿಂಬೆರಸ ಬಿದ್ದರೆ ಪದರ ಕರಗಿ, ಬಣ್ಣವೂ ತಿಳಿಯಾಗುತ್ತದೆ. ಸಿಂಧನೂರಿನ ನಮ್ಮ ಮನೆಗೆ ಬರುವುದು ಕ್ಯಾನಿನ ಫಿಲ್ಟರ್ ನೀರು. ಅದರಲ್ಲಿ ಚಾ ಬೆಲ್ಲದ ಪಾಕದಂತೆ ಹೊಳೆಯುತ್ತದೆ, ರುಚಿ ಮಾತ್ರ ಸ್ವಲ್ಪ ಸಪ್ಪೆ. ಲಿಂಗಸುಗೂರಿನಲ್ಲಿ ಗೆಳತಿಯರ ರೂಮಿನ ನಳದ ನೀರಿಗೆ ಬ್ಲೀಚಿಂಗ್ ಪುಡಿಯ ವಾಸನೆ. ಅದನ್ನೇ ರಾತ್ರಿ ಕೊಡದಲ್ಲಿ ಬಾಯಿ ತೆರೆದಿಟ್ಟು ಬೆಳಿಗ್ಗೆ ಕುದಿಸಿದೆವು ನೋಡಿ, ಮೂರರಲ್ಲಿ ಅದೇ ಮೇಲು. ನೀರಿಗಾಗಿ ಇಷ್ಟು ಗುದ್ದಾಡುವ ಜಿಲ್ಲೆಯಲ್ಲಿ ಹುಟ್ಟಿಯೂ, ನೀರಿಗೆ ಇಷ್ಟು ರುಚಿಗಳಿವೆ ಅಂತ ನನಗೆ ತಿಳಿದದ್ದು ಹಾಲು ಬಿಟ್ಟ ಮೇಲೆ.

ಈ ಚಾಕ್ಕೆ ಡಬ್ಬಿಯ ಮೇಲೆ ‘ಬ್ರೇಕ್‌ಫಾಸ್ಟ್ ಟೀ’ ಅಂತ ಬರೆದಿರುತ್ತದೆ. ಅಸ್ಸಾಂ, ಸಿಲೋನ್, ಕೆನ್ಯಾ ಎಲೆಗಳನ್ನು ಬೆರೆಸಿ, ಜಿಡ್ಡಿನ ನಾಷ್ಟಾದ ಜೊತೆ ಕುಡಿಯಲೆಂದೇ ಗಟ್ಟಿಯಾಗಿ ಮಾಡಿದ್ದು. ಜಿಡ್ಡಿನ ನಾಷ್ಟಾ ಅಂದರೆ ನಮ್ಮ ಮಂಡಾಳ ಒಗ್ಗರಣಿ, ಮಿರ್ಚಿಗಿಂತ ಬೇಕೇ! ಮಿರ್ಚಿಯ ಎಣ್ಣೆ ಬಾಯಲ್ಲಿ ಕುಳಿತಾಗ ಒಂದು ಗುಟುಕು ಒಗರು ಚಾ ಕುಡಿದರೆ ನಾಲಿಗೆ ತೊಳೆದಿಟ್ಟಂತಾಗುತ್ತದೆ. ಇಲ್ಲಿ ನನ್ನ ವಾದ ಸ್ವಲ್ಪ ಕುಂಟುತ್ತದೆ, ಒಪ್ಪಿಕೊಳ್ಳುತ್ತೇನೆ. 2024ರಲ್ಲಿ ಐಸಿಎಂಆರ್ ಹೊರತಂದ ಆಹಾರ ಮಾರ್ಗಸೂಚಿ, ಊಟಕ್ಕೆ ಒಂದು ತಾಸು ಮೊದಲು ಮತ್ತು ಒಂದು ತಾಸು ನಂತರ ಚಾ, ಕಾಫಿ ಬೇಡ ಅನ್ನುತ್ತದೆ. ಅದರಲ್ಲಿನ ಟ್ಯಾನಿನ್ ಊಟದ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ. ರಕ್ತ ಕಡಿಮೆ ಇರುವ ಹುಡುಗಿಯರು ನಮ್ಮಲ್ಲಿ ಬೇಕಾದಷ್ಟು ಮಂದಿ, ನನ್ನ ರಿಪೋರ್ಟೂ ಹಾಗೇ ಬಂದಿತ್ತು. ಹಾಗಾಗಿ ಮಿರ್ಚಿ-ಕರಿ ಚಾ ಭಾನುವಾರಕ್ಕೆ ಮಾತ್ರ, ಉಳಿದ ದಿನ ನಾಷ್ಟಾಕ್ಕಿಂತ ಬಹಳ ಮೊದಲೇ ಚಾ ಮುಗಿಸುತ್ತೇನೆ. ಬ್ಯಾಗಿನ ವಿಚಾರದಲ್ಲೂ ಒಂದು ಎಚ್ಚರ. ಪ್ಲಾಸ್ಟಿಕ್ ಜಾಳಿಗೆಯ ಒಂದೇ ಬ್ಯಾಗು ಬಿಸಿನೀರಿಗೆ ಸಾವಿರ ಕೋಟಿಗೂ ಹೆಚ್ಚು ಸೂಕ್ಷ್ಮ ಕಣ ಬಿಡುತ್ತದೆ ಎಂದು ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದವರು 2019ರಲ್ಲಿ ತೋರಿಸಿದ್ದಾರೆ. ನಾನು ಕೊಳ್ಳುವುದು ಕಾಗದದ ಬ್ಯಾಗು.

ಇದೆಲ್ಲ ನನ್ನೊಬ್ಬಳ ಚಟವಾಗಿಯೇ ಉಳಿಯುತ್ತಿತ್ತು. ಹೋದ ವರ್ಷ ಅಪ್ಪನಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಚಾ ಕಡಿಮೆ ಮಾಡಿ ಅಂದರು. ಅಪ್ಪ ದಿನಕ್ಕೆ ಆರು ಚಾ ಕುಡಿಯುವವನು. ಒಂದಕ್ಕೆ ಎರಡು ಚಮಚ, ಚಮಚಕ್ಕೆ ಐದು ಗ್ರಾಂ ಹಿಡಿದರೂ 60 ಗ್ರಾಂ ಸಕ್ಕರೆ ಬರೀ ಚಾದಲ್ಲೇ. ಸಕ್ಕರೆ ಇಲ್ಲದ ಹಾಲಿನ ಚಾ ಕೊಟ್ಟರೆ ಮುಖ ಕಿವುಚಿದ. ಕರಿ ಚಾ ಕೊಡಲು ಹೋದರೆ ಅವ್ವನೇ ತಡೆದಳು. ‘ಮಂದಿ ನೋಡಿದ್ರ ಏನಂದಾರು? ದುಡಿದು ತರೋ ಮನಷ್ಯಾಗ ಹಾಲು ಹಾಕಂಗಿಲ್ಲ ಅಂತಾರ.’ ಅಪ್ಪನ ರಕ್ತದಲ್ಲಿನ ಸಕ್ಕರೆಗಿಂತ ಆ ಹಳೆಯ ಲೋಟ ಅವಳಿಗೆ ಹೆಚ್ಚು ಭಾರವಾಗಿತ್ತು. ನಾನು ಜಗಳ ಮಾಡಲಿಲ್ಲ. ದಿನಾ ಬೆಳಿಗ್ಗೆ ನನ್ನ ಕಪ್ಪಿನ ಜೊತೆ ಇನ್ನೊಂದು ಮಾಡಿ ಅಪ್ಪನ ಮುಂದೆ ಇಡತೊಡಗಿದೆ. ವಾರದ ಮೇಲೆ ಅಪ್ಪ, ‘ಇದು ಎಳೇ ಬಾರಿಕಾಯಿ ಕಡಿದಂಗ ಐತಿ’ ಅಂದ. ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ, ಆದರೆ ಕಪ್ಪು ಖಾಲಿಯಾಗಿತ್ತು. ಈಗ ಹಾಲಿನ ಚಾ ಎರಡಕ್ಕೆ ಇಳಿದಿದೆ.

ಮೊನ್ನೆ ಯುಗಾದಿಗೆ ಅದೇ ಮಾವ ಬಂದಿದ್ದರು. ಅವ್ವ ಒಳಗಿನಿಂದ ತಟ್ಟೆ ತಂದಳು. ಒಂದು ಲೋಟ ಹಾಲಿನ ಚಾ, ಪಕ್ಕದಲ್ಲಿ ಒಂದು ಕಪ್ಪು ಕರಿ ಚಾ, ಬ್ಯಾಗಿನ ದಾರ ಇನ್ನೂ ಹೊರಗೆ ಇಳಿಬಿದ್ದಿತ್ತು. ಮಾವ ಬಗ್ಗಿ ನೋಡಿದರು. ‘ಯಾಕವಾ, ಹಾಲು...’ ಅನ್ನುವಷ್ಟರಲ್ಲಿ ಅವ್ವ, ‘ಎರಡು ಲೀಟರ್ ಐತ್ರಿ ಒಳಗ. ಇದನ್ನೊಂದು ಕುಡದು ನೋಡ್ರಿ’ ಅಂದಳು. ಮಾವ ಕರಿ ಚಾದ ಕಪ್ಪನ್ನೇ ಎತ್ತಿಕೊಂಡರು. ಪೂರ್ತಿ ಕುಡಿದರೋ ಇಲ್ಲವೋ ನಾನು ನೋಡಲಿಲ್ಲ, ದೊಡ್ಡವ್ವನಿಗೆ ಹೋಳಿಗೆ ಕೊಟ್ಟುಬರಲು ಮಸ್ಕಿ ಬಸ್ಸಿಗೆ ಹೊತ್ತಾಗಿತ್ತು.