ಕಾಣುವಂತೆ ಕಟ್ಟಿದ ಪಿಸ್ತೂಲು ಯಾರನ್ನು ಕಾಯುತ್ತದೆ?

ಐಮಂಗಲ ಹೆದ್ದಾರಿಯ ಊರು. ಹಿರಿಯೂರಿಗೂ ಚಿತ್ರದುರ್ಗಕ್ಕೂ ನಡುವೆ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಗಲು ರಾತ್ರಿ ಲಾರಿಗಳ ಓಟ ನಿಲ್ಲುವುದಿಲ್ಲ. ಕರಾವಳಿಯಿಂದ ಬಂದು ಈ ದಾರಿಯ ಬದಿಯಲ್ಲಿ ಹೋಟೆಲ್, ಬೇಕರಿ, ಟಯರ್ ಅಂಗಡಿ ಇಟ್ಟುಕೊಂಡ ನಮ್ಮವರು ಕೆಲವರಿದ್ದಾರೆ. ಅವರಲ್ಲೊಬ್ಬರು ಮೊನ್ನೆ ಇಶಾ ನಮಾಝಿನ ನಂತರ ನಮ್ಮ ಹತ್ತಿರ ಬಂದು ಕುಳಿತರು. ರಾತ್ರಿ ಗಲ್ಲಾದ ಹಣ ಹಿಡಿದು ಮನೆಗೆ ಬರುವಾಗ ಇಬ್ಬರು ಬೈಕಿನಲ್ಲಿ ಹಿಂಬಾಲಿಸಿದ್ದರಂತೆ. ಏನೂ ಆಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಆ ದಿನದಿಂದ ಅವರಿಗೆ ಸರಿಯಾಗಿ ನಿದ್ದೆ ಇಲ್ಲ.

"ಉಸ್ತಾದ್, ಒಂದು ಪಿಸ್ತೂಲಿಗೆ ಲೈಸನ್ಸ್ ಮಾಡಿಸೋಣ ಅಂತ ಇದ್ದೇನೆ. ಸೊಂಟದಲ್ಲಿ ಕಾಣುವ ಹಾಗೆ ಇಟ್ಟುಕೊಂಡರೆ ಯಾರೂ ಹತ್ತಿರ ಬರಲಿಕ್ಕಿಲ್ಲ, ಅಲ್ವಾ?" ಎಂದು ಕೇಳಿದರು.

ಮರುದಿನ ಅವರ ಸಣ್ಣ ಮಗ ಮದ್ರಸದಲ್ಲಿ ಪಕ್ಕದ ಹುಡುಗನ ಹಣೆಗೆ ಎರಡು ಬೆರಳು ಇಟ್ಟು, "ನಮ್ಮ ಉಪ್ಪ ಪಿಸ್ತೂಲು ತರ್ತಾರೆ" ಎಂದ. ಉಪ್ಪನ ಭಯ ಮಗನಿಗೆ ಹೆಮ್ಮೆಯಾಗಲು ಒಂದು ರಾತ್ರಿ ಸಾಕಾಯಿತು. ಆದ್ದರಿಂದ ಆ ಪ್ರಶ್ನೆಗೆ ಒಬ್ಬರಿಗೆ ಕೊಟ್ಟ ಉತ್ತರವನ್ನು ಈ ಪುಟದ ಎಲ್ಲ ಮನೆಗಳ ಮುಂದೆ ಇಡುವುದು ಒಳ್ಳೆಯದು ಎಂದು ನಮಗೆ ತೋರಿತು.

ಮೊದಲು ಕಾನೂನಿನ ಮಾತು. ಕಾಣುವ ಹಾಗೆ ಪಿಸ್ತೂಲು ಕಟ್ಟಿಕೊಂಡು ಓಡಾಡಲು ನಮ್ಮ ದೇಶದಲ್ಲಿ ಲೈಸನ್ಸ್ ಇದ್ದವನಿಗೂ ಅವಕಾಶವಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ 32ನೇ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಸಾರ್ವಜನಿಕ ಜಾಗದಲ್ಲಿ ಕೈಬಂದೂಕನ್ನು ಅದಕ್ಕೆಂದೇ ಮಾಡಿದ ಚರ್ಮದ ಚೀಲದಲ್ಲೋ, ಅಂಥದ್ದೇ ಬೇರೆ ಚೀಲದಲ್ಲೋ ಇಟ್ಟಿರಬೇಕು. ಅದು ಪೂರ್ತಿ ಮುಚ್ಚಿರಬೇಕು. ಒಯ್ಯುವವನ ಹತೋಟಿಯಲ್ಲಿರಬೇಕು. ಹೊರತೆಗೆದು ಝಳಪಿಸುವುದು, ಗಾಳಿಯಲ್ಲಿ ಹಾರಿಸುವುದು, ಬರೀ ಶಬ್ದದ ಗುಂಡು ಸಿಡಿಸುವುದು ಕೂಡ ನಿಷಿದ್ಧ. ತಪ್ಪಿದರೆ ಲೈಸನ್ಸನ್ನೇ ರದ್ದು ಮಾಡಬಹುದು. ಅಂದರೆ ನಮ್ಮ ಹೋಟೆಲಿನವರು ಯಾವ ಲಾಭಕ್ಕಾಗಿ ಪಿಸ್ತೂಲು ಬೇಕೆಂದರೋ, ಜನರಿಗೆ ಕಾಣಬೇಕು ಎಂಬ ಆ ಲಾಭವನ್ನೇ ಕಾನೂನು ಕೊಡುವುದಿಲ್ಲ.

ಅಮೆರಿಕದ ವೀಡಿಯೊಗಳಲ್ಲಿ ಜನ ಸೊಂಟಕ್ಕೆ ಪಿಸ್ತೂಲು ಕಟ್ಟಿ ಅಂಗಡಿಗೆ ಹೋಗುವುದನ್ನು ನಮ್ಮ ಹುಡುಗರು ನೋಡುತ್ತಾರೆ. ಅಲ್ಲಿ ಆಯುಧ ಹೊಂದುವುದು ಸಂವಿಧಾನ ಕೊಟ್ಟ ಹಕ್ಕು. ಹಲವು ರಾಜ್ಯಗಳಲ್ಲಿ ತೋರಿಸಿಕೊಂಡು ಹೋಗಲೂ ಬಿಡುತ್ತಾರೆ. ನಮ್ಮ ಸಂವಿಧಾನದ 19ನೇ ವಿಧಿ ಶಾಂತಿಯಿಂದ, ಆಯುಧವಿಲ್ಲದೆ ಸೇರುವ ಹಕ್ಕನ್ನು ಕೊಡುತ್ತದೆ. ಇಲ್ಲಿ ಬಂದೂಕು ಹಕ್ಕಲ್ಲ, 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಷರತ್ತಿನ ಮೇಲೆ ಸಿಗುವ ಅನುಮತಿ.

ಆ ಅನುಮತಿಯೂ ಸುಲಭದ್ದಲ್ಲ. ಅರ್ಜಿ ಹೋಗಬೇಕಾದದ್ದು ಜಿಲ್ಲಾ ದಂಡಾಧಿಕಾರಿಯಾದ ಜಿಲ್ಲಾಧಿಕಾರಿಗಳಿಗೆ. ಮಂಗಳೂರಿನಂಥ ಕಮಿಷನರೇಟ್ ಇರುವ ಕಡೆ ಪೊಲೀಸ್ ಕಮಿಷನರ್‌ಗೆ. 21 ವರ್ಷ ತುಂಬಿರಬೇಕು. ಠಾಣೆಯಿಂದ ವರದಿ ಬರಬೇಕು. ಜೀವಕ್ಕೆ ಬೆದರಿಕೆ ಇದೆ ಎಂದರೆ ಅದನ್ನು ತೋರಿಸಿಕೊಡಬೇಕು. ಮನಸ್ಸಿನ ಭಯವೊಂದೇ ಸಾಲದು. ಬಂದೂಕು ಬಳಸುವ ತರಬೇತಿ ಆಗಿರಬೇಕು, ಮನೆಯಲ್ಲಿ ಸುರಕ್ಷಿತವಾಗಿ ಇಡುತ್ತೇನೆಂದು ಬರೆದುಕೊಡಬೇಕು. 2019ರ ತಿದ್ದುಪಡಿಯ ನಂತರ ಲೈಸನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿದಿದೆ. ಲೈಸನ್ಸ್ ನಿರಾಕರಿಸಿದರೆ ಮೇಲ್ಮನವಿಗೆ ದಾರಿ ಇದೆ. ನಿಜವಾದ ಬೆದರಿಕೆ ಇರುವವರು ಈ ದಾರಿಯಲ್ಲೇ ಹೋಗಲಿ; ಅದನ್ನು ನಾವು ಬೇಡ ಎನ್ನುವುದಿಲ್ಲ.

ಆದರೆ ಕಷ್ಟ ಯಾಕೆ ಎಂದು ಯಾರೋ ಕೊಡುವ ನಾಡ ಪಿಸ್ತೂಲಿಗೆ ಕೈಚಾಚಿದರೆ ಮನೆ ಹಾಳು. ಲೈಸನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ, ಒಯ್ದರೆ ಈಗ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸೆರೆವಾಸ ಮತ್ತು ದಂಡ. ಬಂದೂಕೇ ಬೇಕೆಂದಿಲ್ಲ, ತೋಟೆಗಳಿಗೂ ಲೈಸನ್ಸ್ ಬೇಕು. ಗಲ್ಫಿಗೆ ಹೊರಟವನ ಬ್ಯಾಗಿನಲ್ಲಿ ಯಾವತ್ತೋ ಬಿದ್ದಿದ್ದ ಒಂದು ತೋಟೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಂಡರೆ ಆ ದಿನದ ಪ್ರಯಾಣ ಅಲ್ಲಿಗೇ ನಿಂತಿತು.

ಲೈಸನ್ಸ್ ಎಲ್ಲ ಸರಿ ಇದ್ದರೂ ಕಾಣುವ ಪಿಸ್ತೂಲು ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2024ರ ಏಪ್ರಿಲ್ 8ರಂದು ಬೆಂಗಳೂರಿನಲ್ಲಿ ಲೋಕಸಭಾ ಚುನಾವಣೆಯ ಪ್ರಚಾರ ನಡೆಯುತ್ತಿತ್ತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ನಿಂತಿದ್ದ ತೆರೆದ ವಾಹನಕ್ಕೆ ಒಬ್ಬರು ಹತ್ತಿ ಹಾರ ಹಾಕಿದರು. ಅವರ ಸೊಂಟದಲ್ಲಿದ್ದ ಪಿಸ್ತೂಲು ಕ್ಯಾಮೆರಾಗಳಿಗೆ ಕಂಡಿತು. ಜೀವ ಬೆದರಿಕೆಯ ಕಾರಣ ಅವರಿಗೆ ಲೈಸನ್ಸ್ ಇತ್ತು, ಚುನಾವಣೆ ವೇಳೆ ಅದನ್ನು ಠೇವಣಿ ಇಡುವುದರಿಂದ ವಿನಾಯಿತಿಯೂ ಇತ್ತು ಎಂಬುದು ಆಮೇಲೆ ಗೊತ್ತಾಯಿತು. ಹಾಕಿದ್ದು ಹೂವಿನ ಹಾರ. ಆದರೆ ಊರೆಲ್ಲ ನೋಡಿದ್ದು ಸೊಂಟವನ್ನು. ಪೊಲೀಸರ ವಿಚಾರಣೆ, ಟಿವಿಯಲ್ಲಿ ದಿನವಿಡೀ ಅದೇ ದೃಶ್ಯ, ಭದ್ರತೆ ಹೇಗೆ ತಪ್ಪಿತು ಎಂಬ ಗದ್ದಲ. ಕಾಗದ ಸರಿ ಇದ್ದವರ ಗತಿಯೇ ಹೀಗಾದರೆ, ಹೆದ್ದಾರಿ ಬದಿಯ ಹೋಟೆಲಿನಲ್ಲಿ ಹೆಸರು ಗೊತ್ತಿಲ್ಲದ ಒಬ್ಬನ ಸೊಂಟದಲ್ಲಿ ಪಿಸ್ತೂಲು ಕಂಡರೆ ಊಟಕ್ಕೆ ಬಂದ ಕುಟುಂಬ ಏನೆಂದುಕೊಂಡೀತು? ಬಿಲ್ ಕೊಟ್ಟು ಎದ್ದು ಹೋಗಿ ಠಾಣೆಗೆ ಫೋನ್ ಮಾಡೀತು. ಅದು ಅವರ ತಪ್ಪೂ ಅಲ್ಲ.

ಇನ್ನು ವ್ಯವಹಾರದ ಮಾತು. ಕಾಣುವ ಪಿಸ್ತೂಲು ಕಳ್ಳನಿಗೆ ಎರಡು ಸುದ್ದಿ ಕೊಡುತ್ತದೆ: ಇವನ ಹತ್ತಿರ ಹಣ ಇದೆ, ಮೊದಲು ಹಿಡಿಯಬೇಕಾದದ್ದು ಇವನ ಕೈ. ಹಿಂದಿನಿಂದ ಬರುವವನು ಎದುರಿಗೆ ನಿಂತು ಹೇಳಿ ಬರುವುದಿಲ್ಲ. ಕಸಿದುಕೊಂಡರೆ ಗುಂಡು ನಮ್ಮ ಕಡೆಗೇ. ಕಳೆದುಹೋದರೆ ಅದರಿಂದ ಮುಂದೆ ಏನಾದರೂ ಠಾಣೆಗೆ ಉತ್ತರ ಕೊಡಬೇಕಾದವರು ನಾವು. ಆತ್ಮರಕ್ಷಣೆಯ ಹಕ್ಕು ಕಾನೂನಿನಲ್ಲಿದೆ, ನಿಜ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಆದರೆ ಎದುರಾದ ಅಪಾಯಕ್ಕೆ ತಕ್ಕಷ್ಟೇ ಬಲ, ಅದಕ್ಕಿಂತ ಹೆಚ್ಚಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕೂ ಇಲ್ಲ. ಹಣದ ಚೀಲ ಕಸಿದು ಓಡುವವನ ಬೆನ್ನಿಗೆ ಗುಂಡು ಹೊಡೆದವನು ಮರುದಿನ ಕೋರ್ಟಿನಲ್ಲಿ ನಿಲ್ಲಬೇಕಾಗುತ್ತದೆ, ವರ್ಷಗಟ್ಟಲೆ.

ನಮ್ಮ ಐಮಂಗಲದಲ್ಲೇ ಪೊಲೀಸ್ ತರಬೇತಿ ಶಾಲೆ ಇದೆ. ಅಲ್ಲಿ ಯುವಕರು ತಿಂಗಳುಗಟ್ಟಲೆ ಕಲಿಯುತ್ತಾರೆ. ಬಂದೂಕು ಹಿಡಿಯುವುದೇ ಅವರ ಮುಂದಿನ ವೃತ್ತಿ. ಆದರೂ ಇಲಾಖೆಯ ಬಂದೂಕಿಗೆ ಲೆಕ್ಕ ಇದೆ, ಗುಂಡಿಗೆ ಲೆಕ್ಕ ಇದೆ, ಶಸ್ತ್ರಾಗಾರಕ್ಕೆ ಬೀಗ ಇದೆ. ಕಲಿತವರಿಗೇ ಇಷ್ಟು ಕಟ್ಟುಪಾಡು ಇರುವಾಗ, ಮನೆಯ ಅಲ್ಮೆರಾದಲ್ಲಿ ಸೀರೆಯ ಕೆಳಗೆ ಪಿಸ್ತೂಲು ಇಟ್ಟು ಅಂಗಡಿಗೆ ಹೋಗುವ ನಾವು, ಶಾಲೆಯಿಂದ ಬೇಗ ಬಂದ ಮಗನ ಕೈಗೆ ಅದು ಸಿಗುವುದಿಲ್ಲ ಎಂದು ಹೇಗೆ ಹೇಳೋಣ?

"ಹಾಗಾದರೆ ನಮ್ಮೂರಲ್ಲಿ ಕೋವಿ ಹಿಡಿದು ತೋಟಕ್ಕೆ ಹೋಗುತ್ತಾರಲ್ಲ?" ಎಂದು ಕರಾವಳಿಯ ಓದುಗರು ಕೇಳಬಹುದು. ಅದು ಬೇರೆ. ಹಂದಿ, ಮಂಗಗಳಿಂದ ಬೆಳೆ ಕಾಯಲು ಕೊಡುವ ಲೈಸನ್ಸ್ ಆ ಜಮೀನಿಗೆ, ಆ ಕೆಲಸಕ್ಕೆ. ಪೇಟೆಗೆ, ಮದುವೆಗೆ, ಜಗಳಕ್ಕೆ ಅಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಅದು ಕೊಡಗಿನಲ್ಲಿ ವ್ಯಾಪಾರಕ್ಕೆಂದು ನೆಲೆಸಿದ ಎಲ್ಲರಿಗೂ ಇಲ್ಲ. ಮಡಿಕೇರಿ, ಸುಂಟಿಕೊಪ್ಪ, ಸಿದ್ದಾಪುರ ಕಡೆ ಇರುವ ನಮ್ಮವರು ಇದನ್ನು ತಪ್ಪಾಗಿ ತಿಳಿಯಬಾರದು.

ಇನ್ನೊಂದು ಮುಖ್ಯ ವಿಷಯ. ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆ ತೋಟದ ಮನೆಗಳ ಅಟ್ಟದಲ್ಲಿ ತೀರಿಹೋದ ಉಪ್ಪನ ಕೋವಿ ಹಾಗೇ ಮಲಗಿರಬಹುದು. ಲೈಸನ್ಸ್ ಉಪ್ಪನ ಹೆಸರಿನದ್ದು. ಉಪ್ಪನ ಜೊತೆಗೇ ಮುಗಿಯಿತು. ಆಸ್ತಿಯ ಹಾಗೆ ಕೋವಿ ತಾನಾಗಿ ಮಗನಿಗೆ ಬರುವುದಿಲ್ಲ. ತಡಮಾಡದೆ ಅದನ್ನು ಠಾಣೆಯಲ್ಲೋ ಲೈಸನ್ಸ್ ಇರುವ ಬಂದೂಕು ವ್ಯಾಪಾರಿಯ ಹತ್ತಿರವೋ ಠೇವಣಿ ಇಟ್ಟು ರಶೀದಿ ಪಡೆಯಬೇಕು. ಬೇಕಿದ್ದರೆ ವಾರಸುದಾರ ತನ್ನ ಹೆಸರಿನಲ್ಲಿ ಹೊಸದಾಗಿ ಅರ್ಜಿ ಹಾಕಬೇಕು. ಅವಧಿ ಮೀರಿದ ಲೈಸನ್ಸಿಗೂ ಇದೇ ಮಾತು. ಚುನಾವಣೆ ಬಂದಾಗ ಠೇವಣಿ ಇಡಬೇಕೆಂಬ ಆದೇಶ ಬಂದರೆ ಇಡಿ. ಬೆಳೆಗೆ ತೊಂದರೆ ಇದ್ದರೆ ವಿನಾಯಿತಿಗೆ ಜಿಲ್ಲೆಯ ಪರಿಶೀಲನಾ ಸಮಿತಿಗೆ ಮೊದಲೇ ಅರ್ಜಿ ಕೊಡಿ.

ಇನ್ನು ನಮ್ಮ ಹುಡುಗರು. ಇವರ ವಿಷಯದಲ್ಲಿ ನಮಗೆ ಹೆಚ್ಚು ಭಯ. ಇವರಿಗೆ ರಕ್ಷಣೆಗಲ್ಲ, ರೀಲ್ಸ್‌ಗೆ ಆಯುಧ ಬೇಕು. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಟಿವಿ ಶೋಗಳಿಂದ ಹೆಸರಾದ ಇಬ್ಬರು ಮಚ್ಚು ಹಿಡಿದು ಮಾಡಿದ ಒಂದು ಸಣ್ಣ ರೀಲ್‌ಗಾಗಿ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂಧನಕ್ಕೊಳಗಾದರು. ಹೆಸರು, ಹಣ, ವಕೀಲರು ಇದ್ದವರಿಗೇ ಬಿಡಲಿಲ್ಲ. ಸ್ಟೇಟಸ್ಸಿನ ಆಯುಷ್ಯ 24 ಗಂಟೆ, ಎಫ್‌ಐಆರ್‌ನ ಆಯುಷ್ಯ ವರ್ಷಗಳು. ಪಾಸ್‌ಪೋರ್ಟಿಗೆ ಪೊಲೀಸ್ ಪರಿಶೀಲನೆ, ಗಲ್ಫ್ ಕೆಲಸಕ್ಕೆ ಪೊಲೀಸ್ ಸರ್ಟಿಫಿಕೇಟ್ ಬೇಕಾದಾಗ ಆ ರೀಲ್ ಎದುರಿಗೆ ಬಂದು ನಿಲ್ಲುತ್ತದೆ. "ಅದು ಆಟಿಕೆ ಪಿಸ್ತೂಲು, ಉಸ್ತಾದ್" ಎನ್ನುತ್ತಾರೆ. ಎದುರಿನವನಿಗೆ ಅದು ಆಟಿಕೆ ಎಂದು ಹೇಗೆ ಗೊತ್ತಾಗಬೇಕು? ಹೆದರಿಸಿದ್ದಕ್ಕೆ ಆಟಿಕೆಯಿಂದಲೂ ಕೇಸಾಗಬಹುದು. ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವ ಹುಚ್ಚು ಉತ್ತರದ ರಾಜ್ಯಗಳಲ್ಲಿ ಎಷ್ಟೋ ಜೀವ ತೆಗೆದಿದೆ. ಅದಕ್ಕೆ ಈಗ 2 ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಮ್ಮ ನಿಖಾಹ್‌ಗಳಿಗೆ ಅದು ಬಾರದಿರಲಿ.

ಮದ್ರಸದ ಮಕ್ಕಳಿಗೆ ನಾವು ಹೇಳುವ ಮಾತನ್ನು ದೊಡ್ಡವರಿಗೂ ನೆನಪಿಸುತ್ತೇವೆ. ಮಸೀದಿಯಲ್ಲೋ ಪೇಟೆಯಲ್ಲೋ ಬಾಣ ಹಿಡಿದು ಹೋಗುವವರು ಅದರ ಮೊನೆಯನ್ನು ಹಿಡಿದುಕೊಂಡಿರಬೇಕು, ಯಾರಿಗೂ ತಾಗಬಾರದು ಎಂದು ಪ್ರವಾದಿ(ಸ) ಕಲಿಸಿದರು. ಒರೆಯಿಂದ ತೆಗೆದ ಖಡ್ಗವನ್ನು ಒಬ್ಬರಿಂದ ಒಬ್ಬರಿಗೆ ಕೊಡುವುದನ್ನು ತಡೆದರು. ಸಹೋದರನ ಕಡೆಗೆ ಆಯುಧ ತೋರಿಸುವುದನ್ನೂ, ಶೈತಾನ ಕೈ ಜಾರಿಸಬಹುದು ಎಂದು ಎಚ್ಚರಿಸಿ, ನಿಷೇಧಿಸಿದರು. ಆಯುಧ ಎಲ್ಲರ ಮನೆಯಲ್ಲಿದ್ದ ಕಾಲದ ಕಟ್ಟಳೆ ಇದು. ಮುಚ್ಚಿ ಒಯ್ಯಿ, ಯಾರನ್ನೂ ಹೆದರಿಸಬೇಡ ಎಂಬ 32ನೇ ನಿಯಮದ ಮಾತು ನಮಗೆ ಹೊಸದಲ್ಲ.

ಹಾಗಾದರೆ ಹೋಟೆಲಿನವರು ಏನು ಮಾಡಬೇಕು? ಅವರ ಭಯ ಸುಳ್ಳಲ್ಲ. ಅದನ್ನು ನಗುತ್ತಾ ತಳ್ಳಿಹಾಕುವುದು ನ್ಯಾಯವಲ್ಲ. ಹಿಂಬಾಲಿಸಿದ ಬೈಕಿನ ವಿಷಯವನ್ನು ಠಾಣೆಯಲ್ಲಿ ಬರೆದುಕೊಟ್ಟು ಸ್ವೀಕೃತಿ ಪಡೆಯಲಿ. ಮುಂದೆ ನಿಜಕ್ಕೂ ಲೈಸನ್ಸ್ ಬೇಕಾದರೆ ಮೊದಲ ಆಧಾರವೂ ಅದೇ. ರಾತ್ರಿ ಗಲ್ಲಾದಲ್ಲಿ ಹಣ ಉಳಿಯದ ಹಾಗೆ ಹಗಲಲ್ಲೇ ಬ್ಯಾಂಕಿಗೆ ಕಟ್ಟಲಿ, ಸ್ಕ್ಯಾನರ್‌ನಲ್ಲಿ ತೆಗೆದುಕೊಳ್ಳುವುದನ್ನು ಹೆಚ್ಚಿಸಲಿ. ಅಂಗಡಿ ಮುಚ್ಚುವ ಹೊತ್ತು, ಹೋಗುವ ದಾರಿ ದಿನಾ ಒಂದೇ ಆಗದಿರಲಿ. ಬಾಗಿಲಿಗೆ, ರಸ್ತೆಗೆ ಮುಖ ಮಾಡಿ ಕ್ಯಾಮೆರಾ ಹಾಕಲಿ. 112 ಸಂಖ್ಯೆ ಫೋನಿನಲ್ಲಿ ಮಾತ್ರವಲ್ಲ, ನಾಲಗೆಯ ತುದಿಯಲ್ಲೂ ಇರಲಿ. ಪಕ್ಕದ ನಾಲ್ಕು ಅಂಗಡಿಯವರು, ಯಾವ ಜಾತಿ ಧರ್ಮದವರಾದರೂ ಸರಿ, ಒಟ್ಟಿಗೆ ಬಾಗಿಲು ಹಾಕಿ ಒಟ್ಟಿಗೆ ಹೊರಟರೆ ಒಬ್ಬಂಟಿಯನ್ನು ಹುಡುಕುವ ಕಳ್ಳನಿಗೆ ಒಬ್ಬಂಟಿ ಸಿಗುವುದಿಲ್ಲ. ಪರ ಊರಲ್ಲಿ ಬದುಕುವ ನಮಗೆ ನೆರೆಯವರ ನಂಬಿಕೆಗಿಂತ ದೊಡ್ಡ ಕಾವಲು ಇಲ್ಲ. ಸೊಂಟದಲ್ಲಿ ಕಾಣುವ ಪಿಸ್ತೂಲು ಮೊದಲು ಓಡಿಸುವುದು ಕಳ್ಳನನ್ನಲ್ಲ, ಆ ನೆರೆಯವರನ್ನು.

ಜಮಾಅತ್‌ಗಳಿಗೂ ಒಂದು ವಿನಂತಿ. ವರ್ಷಕ್ಕೊಮ್ಮೆ ಒಬ್ಬ ವಕೀಲರನ್ನು ಕರೆಸಿ ಯುವಕರ ಮುಂದೆ ಈ ಕಾಯ್ದೆಯ ಬಗ್ಗೆ ಒಂದು ಗಂಟೆ ಮಾತಾಡಿಸಿ. ಕೇಸಾದ ಮೇಲೆ ಜಾಮೀನಿಗೆ ಓಡಾಡುವುದಕ್ಕಿಂತ ಅದು ಅಗ್ಗ.

ಹೋಟೆಲಿನವರು ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಉಸ್ತಾದ್, ನಾಳೆ ಠಾಣೆಗೆ ಹೋಗಲಿಕ್ಕೆ ನೀವೂ ಬರ್ತೀರಾ?" ಎಂದರು. ನಾವು ಹೋದೆವು. ಪಕ್ಕದ ಟಯರ್ ಅಂಗಡಿಯ ಗೌಡರೂ ಜೊತೆಗೆ ಬಂದರು. ಈಗ ರಾತ್ರಿ ಇಬ್ಬರೂ ಒಟ್ಟಿಗೆ ಬಾಗಿಲು ಹಾಕುತ್ತಾರೆ.